ಎಂಟು ತೊಟ್ಟಿಲ ಕೋಣೆ

ಕಾಲುಚೀಲದ ಕಾರ್ಖಾನೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ತುದಿ ಮುಚ್ಚುವ ಕೆಲಸ ಮಾಡಿದ್ದಳು. ಯಂತ್ರ ಹೆಣೆದು ಉದುರಿಸುವ ಕಾಲುಚೀಲ ಎರಡೂ ಕಡೆ ಬಾಯಿ ಬಿಟ್ಟುಕೊಂಡಿರುತ್ತದೆ. ಕಾಲ್ಬೆರಳಿನ ಕಡೆಯ ಬಾಯಿಯನ್ನು, ಒಂದೊಂದೇ ಕುಣಿಕೆಯನ್ನು ಮೊಳೆಗೆ ಸಿಕ್ಕಿಸಿ, ಹೊಲಿದು ಮುಚ್ಚಬೇಕು. ಒಂದು ಕುಣಿಕೆ ತಪ್ಪಿದರೂ ಮೊದಲ ಒಗೆತಕ್ಕೇ ತೂತು. ಆ ಸಾಲಿನಲ್ಲಿ ಕೂತವರಿಗೆ ಕಣ್ಣೇ ಬಂಡವಾಳ. ಅವಳ ಬಂಡವಾಳ ನಲವತ್ತೆಂಟಕ್ಕೆ ಕರಗಿತು. ಕಪ್ಪು ನೂಲು ಬಂದ ದಿನವಂತೂ ಕುಣಿಕೆ ಯಾವುದು, ಸಂದು ಯಾವುದು ಎಂದು ತಿಳಿಯದೆ ಬರೀ ಬೆರಳಿನ ಅಂದಾಜಿನಲ್ಲಿ ನಡೆಸುತ್ತಿದ್ದಳು.

ಇನ್ನೇನು ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದಾಗ ಹೊಸ ಕಾಯ್ದೆ ಬಂತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆಯಲ್ಲೆಲ್ಲ ಅವರ ಮಕ್ಕಳಿಗೊಂದು ಕೋಣೆ ಇರಬೇಕು, ಕೋಣೆಗೊಬ್ಬ ಆಯಾ ಇರಬೇಕು, ಹಾಲೂಡಿಸುವ ತಾಯಂದಿರಿಗೆ ನಡುನಡುವೆ ಬಿಡುವು ಕೊಡಬೇಕು. ಮ್ಯಾನೇಜರ್ ಅವಳನ್ನು ಕರೆದು ಕೇಳಿದ.

"ಕುಣಿಕೆ ಕಾಣಿಸಲ್ಲ ಅಂತಾರೆ ಸೂಪರ್‌ವೈಸರು. ಮಗು ಕಾಣಿಸುತ್ತೆ ತಾನೆ?"

"ಕಾಣಿಸುತ್ತೆ ಸಾರ್."

"ಹಾಗಾದ್ರೆ ನಾಳೆಯಿಂದ ಅಲ್ಲಿ ಹೋಗಿ ಕೂತ್ಕೊಳ್ಳಿ."

ಹಳೆಯ ನೂಲಿನ ಗೋದಾಮನ್ನು ಖಾಲಿ ಮಾಡಿಸಿ, ದೊಡ್ಡ ಕಿಟಕಿ ಇಟ್ಟು, ಸುಣ್ಣ ಬಳಿಸಿದ್ದರು. ಇಡೀ ಕಟ್ಟಡದಲ್ಲಿ ಬೆಳಕು ಚೆನ್ನಾಗಿದ್ದ ಜಾಗ ಅದೊಂದೇ. ಗೋಡೆಯ ಮೇಲೆ ಬಾತುಕೋಳಿಗಳ ಸಾಲು. ಅಂಗಡಿಯ ಬೋರ್ಡು ಬರೆಯುವವನ ಕೈಯಲ್ಲಿ ಬರೆಸಿದ್ದರಿಂದ ಒಂದೊಂದು ಬಾತುಕೋಳಿಗೂ ಗಂಡಸಿನ ಹುಬ್ಬು. ಎಂಟು ತೊಟ್ಟಿಲು, ಮೊಣಕಾಲೆತ್ತರಕ್ಕೆ ಒಂದು ಪುಟ್ಟ ಬೇಸಿನ್ನು, ರಬ್ಬರಿನ ಹಾಸು, ಒಂದು ಪೆಟ್ಟಿಗೆ ಆಟದ ಸಾಮಾನು, ಮಕ್ಕಳ ಹಾಜರಿ ಬರೆಯಲು ಒಂದು ಪುಸ್ತಕ. ಮೊದಲ ದಿನ ಅವಳು ಅರ್ಧ ಗಂಟೆ ಮುಂಚೆಯೇ ಬಂದು, ಎಂಟೂ ತೊಟ್ಟಿಲಿಗೆ ಬಟ್ಟೆ ಹಾಸಿ, ಬಾಗಿಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಳು. ಒಂದು ಮಗುವೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ವಾರ ಕಳೆದ ಮೇಲೆ ಊಟದ ಹೊತ್ತಿನಲ್ಲಿ ಹಳೆಯ ಸಾಲಿನ ಗೆಳತಿಯನ್ನು ಹಿಡಿದು ಕೇಳಿದಳು.

"ಏನೇ ಇದು, ಇಷ್ಟು ಜನರಲ್ಲಿ ಯಾರಿಗೂ ಚಿಕ್ಕ ಮಕ್ಕಳೇ ಇಲ್ವಾ?"

ಗೆಳತಿ ಡಬ್ಬಿಯಿಂದ ತಲೆ ಎತ್ತಲಿಲ್ಲ. "ಇವೆ. ಇಲ್ಲ ಅಂತ ಬರೆದುಕೊಟ್ಟಿದ್ದಾರೆ."

ಕಾಯ್ದೆ ಬರುತ್ತಿದ್ದಂತೆಯೇ ಕೆಲಸಕ್ಕೆ ಸೇರುವ ಅರ್ಜಿಯಲ್ಲಿ ಒಂದು ಸಾಲು ಸೇರಿಕೊಂಡಿತ್ತು: ಆರು ವರ್ಷದೊಳಗಿನ ಮಕ್ಕಳು ಎಷ್ಟು? ಒಂದು ಎಂದು ಬರೆದವಳಿಗೆ ಆಮೇಲೆ ತಿಳಿಸುತ್ತೇವೆ ಎನ್ನುತ್ತಿದ್ದರು, ತಿಳಿಸುತ್ತಿರಲಿಲ್ಲ. ಮಗುವಿರುವವಳಿಗೆ ಬಿಡುವು ಕೊಡಬೇಕು, ಬಿಡುವು ಕೊಟ್ಟರೆ ಸಾಲು ನಿಲ್ಲುತ್ತದೆ. ಅದಕ್ಕಿಂತ ಮಗುವಿಲ್ಲದವಳನ್ನು ತೆಗೆದುಕೊಳ್ಳುವುದು ಸಲೀಸು. ಇದು ಬಾಯಿಂದ ಬಾಯಿಗೆ ಹಬ್ಬಿ, ಹೆಂಗಸರು ಸೊನ್ನೆ ಬರೆಯುವುದನ್ನು ಕಲಿತರು. ಹಳಬರೂ ಹೆದರಿ ಬಾಯಿ ಹೊಲಿದುಕೊಂಡರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಸರ್ಕಾರ ಕೊಟ್ಟ ಕೋಣೆಗೆ ಕಾಲಿಟ್ಟರೆ ಕೆಲಸಕ್ಕೇ ಕುತ್ತು.

ಹಾಗಾಗಿ ಆ ಕೋಣೆಯನ್ನು ಹೆಂಗಸರು ನೋಡುತ್ತಲೂ ಇರಲಿಲ್ಲ. ಕಿಟಕಿಯ ಮುಂದೆ ಹಾದುಹೋಗುವಾಗ ಎಲ್ಲರೂ ಎದುರಿಗಿದ್ದ ಗೋಡೆಯ ಕಡೆ ಮುಖ ಮಾಡಿ ನಡೆಯುತ್ತಿದ್ದರು. ತೊಟ್ಟಿಲನ್ನು ಕಂಡು ಯಾವಳ ಮುಖ ಕರಗಿತು ಎನ್ನುವುದನ್ನು ಸೂಪರ್‌ವೈಸರು ಗಮನಿಸುತ್ತಾನೆ ಎಂಬ ಸುದ್ದಿ ಇತ್ತು. ಇಪ್ಪತ್ತೆರಡು ವರ್ಷ ಭುಜಕ್ಕೆ ಭುಜ ತಾಗಿಸಿ ಕೂತವರೇ ಈಗ ಅವಳ ಬಳಿ ನಿಂತು ಎರಡು ಮಾತಾಡಲು ಅಂಜುತ್ತಿದ್ದರು. ಬೆನ್ನ ಹಿಂದೆ ಅವಳಿಗೆ ತೊಟ್ಟಿಲಕ್ಕ ಎಂಬ ಹೆಸರು ಬಿತ್ತು.

ತೊಟ್ಟಿಲಕ್ಕನಿಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಬೆಳಿಗ್ಗೆ ಬಟ್ಟೆಗಳನ್ನು ಕೊಡವಿ ಹಾಸುತ್ತಿದ್ದಳು, ಸಂಜೆ ಮಡಿಚಿಡುತ್ತಿದ್ದಳು. ಯಾರೂ ಮುಟ್ಟದ ಆಟದ ಸಾಮಾನನ್ನು ವಾರಕ್ಕೊಮ್ಮೆ ತೊಳೆಯುತ್ತಿದ್ದಳು. ಮಧ್ಯಾಹ್ನದ ಮೇಲೆ ಯಂತ್ರಗಳ ಗುಂಯ್ ಗುಂಯ್ ಗೋಡೆಯಾಚೆಯಿಂದ ಕೇಳುತ್ತಿದ್ದರೆ, ಅವಳು ನೆಲದ ಮೇಲೆ ಕೂತು ಒಂದು ತೊಟ್ಟಿಲನ್ನು ಕಾಲಿನಿಂದ ಮೆಲ್ಲಗೆ ತೂಗುತ್ತಿದ್ದಳು. ತೂಗುತ್ತಿದ್ದೇನೆ ಎಂಬುದು ಎಷ್ಟೋ ಹೊತ್ತಿನ ಮೇಲೆ ತಿಳಿಯುತ್ತಿತ್ತು.

ಅವಳಿಗೆ ಒಬ್ಬಳು ಮಗಳಿದ್ದಳು. ಗಂಡ ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋದವನು ಅಲ್ಲೇ ಬೇರೆ ಸಂಸಾರವನ್ನೂ ಹುಡುಕಿಕೊಂಡಿದ್ದ. ಆಗ ಮಗಳಿಗೆ ಐದು ತಿಂಗಳು. ಕಾರ್ಖಾನೆಗೆ ಸೇರುವುದಾದರೆ ಕೂಸನ್ನು ಎಲ್ಲಿ ಬಿಡುವುದು? ಅಕ್ಕ, "ನನ್ನ ಎರಡರ ಜೊತೆ ಇದೂ ಒಂದು ಬೆಳೆಯುತ್ತೆ, ಕೊಡು" ಅಂದಳು. ಆರು ತಿಂಗಳ ಮಟ್ಟಿಗೆ ಎಂದು ಕೊಟ್ಟಿದ್ದು. ಅಕ್ಕನ ಊರು ದೂರ, ರಜೆ ಕಡಿಮೆ. ಎರಡು ವರ್ಷದ ಮೇಲೆ ಕರೆದುಕೊಂಡು ಬರಲು ಹೋದಾಗ, ಅಕ್ಕನ ಮಕ್ಕಳು ಕರೆಯುವುದನ್ನು ಕೇಳಿ ಕಲಿತಿದ್ದ ಮಗಳು ಬಾಗಿಲಿಗೆ ಓಡಿ ಬಂದು, "ಚಿಕ್ಕಮ್ಮ ಬಂದ್ರು" ಎಂದು ಕೂಗಿ, ಒಳಗಿದ್ದ ದೊಡ್ಡಮ್ಮನನ್ನು ಅಮ್ಮ ಎಂದು ಕರೆದಳು. ತಿದ್ದಲು ಯಾರಿಗೂ ಬಾಯಿ ಬರಲಿಲ್ಲ. ಅವಳು ಒಬ್ಬಳೇ ಹಿಂದಿರುಗಿದಳು. ಈಗ ಮಗಳಿಗೂ ಮದುವೆಯಾಗಿ, ಭಾನುವಾರ ಸಂಜೆ ಫೋನು ಬರುತ್ತಿತ್ತು. ಮಾತ್ರೆ ತಗೊಂಡ್ರಾ, ಊಟ ಆಯ್ತಾ ಎಂದು ಬಹುವಚನದಲ್ಲಿ ವಿಚಾರಿಸಿ ಇಟ್ಟುಬಿಡುತ್ತಿದ್ದಳು.

ಆರು ತಿಂಗಳಿಗೊಮ್ಮೆ ಇಲಾಖೆಯಿಂದ ತಪಾಸಣೆ ಇತ್ತು. ಹಿಂದಿನ ದಿನವೇ ಮ್ಯಾನೇಜರ್‌ಗೆ ಸುಳಿವು ಸಿಗುತ್ತಿತ್ತು. ಬೆಳಿಗ್ಗೆ ಅವನ ಇಬ್ಬರು ಮೊಮ್ಮಕ್ಕಳು, ಗುಮಾಸ್ತನ ಮಗಳು, ಡ್ರೈವರನ ಅವಳಿಗಳು ವ್ಯಾನಿನಲ್ಲಿ ಬಂದಿಳಿಯುತ್ತಿದ್ದವು. ಹಾಜರಿ ಪುಸ್ತಕದಲ್ಲಿ ಆರು ತಿಂಗಳ ಹೆಸರುಗಳನ್ನು ಗುಮಾಸ್ತನೇ ಒಂದೇ ಪೆನ್ನಿನಲ್ಲಿ ತುಂಬುತ್ತಿದ್ದ. ತಪಾಸಣೆಗೆ ಬರುತ್ತಿದ್ದ ಹೆಂಗಸು ಐವತ್ತರ ಆಸುಪಾಸಿನವಳು; ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಫೈಲು. ದಿನಕ್ಕೆ ಐದಾರು ಕಡೆ ಹೋಗಬೇಕಾದವಳ ಆತುರದಲ್ಲಿ ನಿಂತಲ್ಲೇ ಸಹಿ ಹಾಕಿ ಹೊರಡುತ್ತಿದ್ದಳು. ಬಾಡಿಗೆ ಮಕ್ಕಳಾದರೂ ತೊಟ್ಟಿಲಕ್ಕನಿಗೆ ಆ ಅರ್ಧ ದಿನವೇ ಹಬ್ಬ. ಅವಳಿಗಳಲ್ಲಿ ಒಂದು ಅವಳ ತೊಡೆಯ ಮೇಲೆ ನಿದ್ದೆ ಹೋಗಿ, ವ್ಯಾನು ಬಂದಾಗ ಎಬ್ಬಿಸಬೇಕಾಯಿತು.

ಎರಡನೆಯ ವರ್ಷದ ಮೊದಲಲ್ಲಿ ಒಂದು ಮಧ್ಯಾಹ್ನ, ಊಟದ ಗಂಟೆ ಹೊಡೆದ ಕೂಡಲೇ ಒಬ್ಬ ಹುಡುಗಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕಾಲುಚೀಲಗಳನ್ನು ಅಳತೆ ನೋಡಿ ಜೋಡಿ ಮಾಡುವ ಮೇಜಿನವಳು, ಹೊಸಬಳು. ಸಮವಸ್ತ್ರದ ಎದೆಯ ಮೇಲೆ ಎರಡು ಒದ್ದೆ ಕಲೆ. ಕೈಯಲ್ಲಿ ಮುಚ್ಚಿಕೊಂಡಿದ್ದರೂ ಕಾಣುತ್ತಿತ್ತು.

"ಅಕ್ಕ, ಕಕ್ಕಸಿನ ಮುಂದೆ ಸಾಲು ಇದೆ. ತಡೆಯೋಕೆ ಆಗ್ತಿಲ್ಲ. ಒಂದು ಹತ್ತು ನಿಮಿಷ."

ತೊಟ್ಟಿಲಕ್ಕ ಕಿಟಕಿಗೆ ಪರದೆ ಎಳೆದಳು. ಹುಡುಗಿ ಮಕ್ಕಳಿಗೆಂದು ಇಟ್ಟಿದ್ದ ಆ ಪುಟ್ಟ ಬೇಸಿನ್ನಿನ ಮುಂದೆ ಮಂಡಿಯೂರಿ, ನೋವಿಗೆ ತುಟಿ ಕಚ್ಚಿಕೊಂಡು, ಹಾಲು ಹಿಂಡಿ ಚೆಲ್ಲಿದಳು. ಆಮೇಲೆ ನಲ್ಲಿ ಬಿಟ್ಟು ತೊಳೆದಳು.

"ಎಷ್ಟು ತಿಂಗಳು?"

"ಮೂರು. ಪಕ್ಕದ ಮನೆ ಅಜ್ಜಿ ನೋಡ್ಕೋತಾರೆ. ಅವರಿಗೆ ಕಿವಿ ಸರಿಯಾಗಿ ಕೇಳಲ್ಲ." ಅವಳು ಗುಂಡಿ ಹಾಕಿಕೊಳ್ಳುತ್ತ ಅಂದಳು, "ಯಾರಿಗೂ ಹೇಳ್ಬೇಡಿ ಅಕ್ಕ. ಸೊನ್ನೆ ಬರೆದಿದ್ದೀನಿ."

ಅಂದಿನಿಂದ ದಿನಾ ಬರತೊಡಗಿದಳು. ಹತ್ತೇ ನಿಮಿಷ, ಹೆಚ್ಚು ಮಾತಿಲ್ಲ. ಒಮ್ಮೊಮ್ಮೆ ಮಗುವಿನ ಸುದ್ದಿ: ಮಗುಚಿಕೊಂಡಿತಂತೆ, ನಕ್ಕಿತಂತೆ, ಎಲ್ಲವೂ ಅಜ್ಜಿ ಕಂಡದ್ದು, ತಾಯಿ ಕೇಳಿದ್ದು. ಎಂಟು ತೊಟ್ಟಿಲುಗಳ ನಡುವೆ ಕೂತು, ಕೂಸಿನ ಪಾಲಿನ ಹಾಲು ಬೇಸಿನ್ನಿನ ತೂತಿಗೆ ಸುತ್ತಿ ಸುತ್ತಿ ಇಳಿಯುವುದನ್ನು ತೊಟ್ಟಿಲಕ್ಕ ದಿನವೂ ನೋಡಿದಳು. ಹಲ್ಲಿದ್ದಾಗ ಕಡಲೆ ಇರಲಿಲ್ಲ ಎಂದು ತನ್ನ ಪಾಲಿಗೆ ಅವಳು ಸಮಾಧಾನ ಹೇಳಿಕೊಂಡಿದ್ದಳು. ಇಲ್ಲಿ ಎರಡೂ ಇದ್ದವು, ಬಾಯಿಗೆ ಬೀಗ.

ಮೂರನೆಯ ತಪಾಸಣೆ ಹತ್ತಿರವಾಯಿತು. ಹಿಂದಿನ ಸಂಜೆ ಗುಮಾಸ್ತ ಪುಸ್ತಕ ಕೇಳಲು ಬಂದಾಗ, "ನಾನೇ ಬರೆದಿಡ್ತೀನಿ, ನಿಮಗ್ಯಾಕೆ ಕಷ್ಟ" ಅಂದಳು. ಅವನಿಗೂ ಒಂದು ಕೆಲಸ ತಪ್ಪಿತು. ಅವಳು ಬಾಗಿಲು ಮುಚ್ಚಿಕೊಂಡು, ಪುಟವನ್ನು ಕಣ್ಣಿನ ಹತ್ತಿರ ಹಿಡಿದು, ಪ್ರತಿ ತಾರೀಖಿನ ಮುಂದೆ ದೊಡ್ಡ ಅಕ್ಷರದಲ್ಲಿ "ಯಾರೂ ಬಂದಿಲ್ಲ" ಎಂದು ಬರೆದಳು. ಆರು ತಿಂಗಳಿಗೂ ಅದೇ ಬರೆಯುವಷ್ಟರಲ್ಲಿ ಕೈ ಸೋತಿತ್ತು.

ಮಾರನೆಯ ದಿನ ವ್ಯಾನು ಬಂತು, ಮಕ್ಕಳು ಬಂದವು, ಆ ಹೆಂಗಸೂ ಬಂದಳು. ಪುಸ್ತಕ ತೆರೆದು ಸಹಿಗೆ ಪೆನ್ನು ಹಿಡಿದವಳು ಹಾಗೇ ನಿಂತಳು. ಒಂದು ಪುಟ ತಿರುವಿದಳು, ಇನ್ನೊಂದು ತಿರುವಿದಳು. ಮ್ಯಾನೇಜರ್ ಇಣುಕಿ ನೋಡಿ, "ಅದು ಹಳೇ ಪುಸ್ತಕ ಮೇಡಂ" ಎಂದು ಕೈ ಚಾಚಿದ. ಅವಳು ಕೊಡಲಿಲ್ಲ.

"ಈ ಮಕ್ಕಳು ಯಾರದು?" ಎಂದು ತೊಟ್ಟಿಲಕ್ಕನನ್ನು ಕೇಳಿದಳು.

"ಸಾಹೇಬರ ಮೊಮ್ಮಕ್ಕಳು ಎರಡು. ಅವಳಿಗಳು ಡ್ರೈವರದು. ಆ ಹುಡುಗಿ ಗುಮಾಸ್ತರ ಮಗಳು."

"ಕೆಲಸಗಾರರ ಮಕ್ಕಳು?"

"ಒಂದೂ ಬಂದಿಲ್ಲ. ಇದೆ ಅಂದ್ರೆ ಕೆಲಸ ಹೋಗುತ್ತೆ ಅಂತ ಭಯ. ಇಲ್ಲಿ ಬಂದು ಹಾಲು ಹಿಂಡಿ ಚೆಲ್ಲಿ ಹೋಗೋರು ಇದ್ದಾರೆ."

ಆ ಹೆಂಗಸು ಮೂರು ತಪಾಸಣೆಗಳಲ್ಲಿ ಮೊದಲ ಸಲ ಚೀಲ ಕೆಳಗಿಟ್ಟು ಕೂತಳು. ಬರೆದುಕೊಳ್ಳತೊಡಗಿದಳು.

ನೋಟೀಸು ಬಂತು. ಮಕ್ಕಳೆಷ್ಟು ಎನ್ನುವ ಸಾಲನ್ನು ಅರ್ಜಿಯಿಂದ ತೆಗೆಯಬೇಕು, ಸುಳ್ಳು ಬರೆದವರನ್ನು ಕೆಲಸದಿಂದ ತೆಗೆಯಕೂಡದು, ತಿಂಗಳೊಳಗೆ ಮಕ್ಕಳು ಕೋಣೆಗೆ ಬರಬೇಕು. ಮ್ಯಾನೇಜರ್ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದ. ಯಾರನ್ನೂ ತೆಗೆಯಲಿಲ್ಲ. ಆದರೆ ಮಗುವನ್ನು ಮುಚ್ಚಿಟ್ಟ ಹನ್ನೊಂದು ಮಂದಿಯ ಕೈಯಲ್ಲಿ, ತಪ್ಪು ಮಾಹಿತಿ ಕೊಟ್ಟಿದ್ದು ನಿಜ, ಇನ್ನು ಮುಂದೆ ಹೀಗಾಗದು ಎಂದು ಬರೆಸಿಕೊಂಡ.

ಜೋಡಿ ಮೇಜಿನ ಹುಡುಗಿ ಅವತ್ತು ಊಟದ ಹೊತ್ತಿಗೆ ಬಂದು ಬಾಗಿಲಲ್ಲೇ ನಿಂತಳು.

"ನಿಮ್ಮನ್ನ ನಂಬಿ ಹೇಳಿದ್ದೆ."

"ನಿನ್ನ ಹೆಸರು ನನ್ನ ಬಾಯಲ್ಲಿ ಬಂದಿಲ್ಲ."

"ಹೆಸರು ಯಾಕೆ ಬೇಕು? ಹಾಲು ಚೆಲ್ಲೋಳು ಅಂದ ಮೇಲೆ ಎಲ್ಲರೂ ನನ್ನ ಅಂಗಿ ಕಡೆನೇ ನೋಡಿದ್ರು. ಗಂಡಸರ ಮುಂದೆ ನಿಂತು ಸಹಿ ಹಾಕಿ ಬಂದೆ."

"ಮಗು ತಗೊಂಡು ಬಾರೇ. ಇನ್ನು ಯಾರೂ ಏನೂ ಮಾಡೋ ಹಾಗಿಲ್ಲ."

"ನನ್ನ ಕೇಳಿ ಮಾಡ್ಬೇಕಿತ್ತು" ಎಂದಳು ಅವಳು, ಮತ್ತು ಹೋದಳು. ಅದೂ ನಿಜವೇ ಅನ್ನಿಸಿತು ತೊಟ್ಟಿಲಕ್ಕನಿಗೆ. ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಅದಕ್ಕೇ ಕೇಳಿರಲಿಲ್ಲ.

ಆದರೂ ಮಕ್ಕಳು ಬಂದವು. ಮೊದಲು ಇಸ್ತ್ರಿ ವಿಭಾಗದವಳ ಒಂದು, ಮಾರನೆಯ ದಿನ ಎರಡು, ವಾರದ ಕೊನೆಗೆ ಐದು. ಜೋಡಿ ಮೇಜಿನವಳದೂ ಬಂತು, ತಾಯಿಯ ಗದ್ದವನ್ನೇ ಅಚ್ಚು ಹಾಕಿದಂಥ ಹೆಣ್ಣುಮಗು. ತಾಯಿ ಮಾತಾಡದೆ ಮಗುವನ್ನು ಕೈಗಿತ್ತು, ಬಿಡುವಿನಲ್ಲಿ ಬಂದು ಗೋಡೆಯ ಕಡೆ ತಿರುಗಿ ಕೂತು ಹಾಲೂಡಿಸಿ ಹೋಗುತ್ತಿದ್ದಳು. ಬೇಸಿನ್ನು ಒಣಗಿತ್ತು. ಕೋಣೆಯ ತುಂಬ ಅಳು, ಉಚ್ಚೆ, ಎಳೆ ಬಾಯಿಯ ವಾಸನೆ. ತೊಟ್ಟಿಲಕ್ಕನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಮನೆಗೆ ಹೋದರೆ ಸೀರೆಯಲ್ಲಿ ಆ ವಾಸನೆ ಉಳಿದಿರುತ್ತಿತ್ತು, ಅದನ್ನು ಬದಲಿಸದೆ ಮಲಗುತ್ತಿದ್ದಳು.

ಆ ಭಾನುವಾರ ಮಗಳ ಫೋನು ಬಂದಾಗ ಅವಳೇ ಮಾತು ತೆಗೆದಳು. ಕೋಣೆಯ ಕಥೆಯನ್ನೆಲ್ಲ ಹೇಳಿ, ಕೊನೆಗೆ ಅಂದಳು, "ಆಗ ಇಂಥದೊಂದು ಕೋಣೆ ಇದ್ದಿದ್ರೆ ನಿನ್ನನ್ನ ಎಲ್ಲೂ ಬಿಡ್ತಿರಲಿಲ್ಲ ಮಗಳೇ."

ಆ ಕಡೆಯಿಂದ ಪಾತ್ರೆ ಇಟ್ಟ ಸದ್ದು.

"ಹಳೇದೆಲ್ಲ ಯಾಕೆ ಈಗ ಚಿಕ್ಕಮ್ಮ? ಅಮ್ಮ ನನ್ನನ್ನ ಚೆನ್ನಾಗೇ ನೋಡ್ಕೊಂಡ್ರಲ್ಲ" ಅಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಮಾಧಾನ ಹೇಳುವ ಹಾಗೇ ಇತ್ತು. "ನೀವು ಮಾತ್ರೆ ತಗೊಂಡ್ರಾ?"

"ತಗೊಂಡೆ" ಅಂದಳು. ಅಂದು ತೆಗೆದುಕೊಂಡಿರಲಿಲ್ಲ.

ಮಕ್ಕಳು ಬಂದ ಹದಿನೇಳನೆಯ ದಿನ ಮ್ಯಾನೇಜರ್ ಕರೆದ. ಮೇಜಿನ ಮೇಲೆ ಇಲಾಖೆಯ ಇನ್ನೊಂದು ಪತ್ರ. ಮಕ್ಕಳು ಬರುತ್ತಿರುವುದರಿಂದ ಉಳಿದ ನಿಯಮಗಳನ್ನೂ ಪಾಲಿಸತಕ್ಕದ್ದು: ನೋಡಿಕೊಳ್ಳುವವರು ತರಬೇತಿಯ ಪ್ರಮಾಣಪತ್ರ ಹೊಂದಿರಬೇಕು, ವಯಸ್ಸು ನಲವತ್ತೈದು ಮೀರಿರಬಾರದು, ದೃಷ್ಟಿ ಸರಿಯಿದೆ ಎಂದು ವೈದ್ಯರಿಂದ ಬರೆಸಿರಬೇಕು.

"ಇದರಲ್ಲಿ ನನ್ನ ಕೈವಾಡ ಇಲ್ಲ" ಅಂದ ಅವನು. ಅವನ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. "ಖಾಲಿ ಕೋಣೆಗೆ ಯಾರಿದ್ರೂ ನಡೀತಿತ್ತು. ನೀವು ಸುಮ್ಮನಿದ್ದಿದ್ರೆ ನಿವೃತ್ತಿವರೆಗೂ ಅಲ್ಲೇ ಕೂತಿರಬಹುದಿತ್ತಲ್ಲ."

"ಹೌದು ಸಾರ್."

"ನಿಮ್ಮ ಅನ್ನಕ್ಕೆ ನೀವೇ ಮಣ್ಣು ಹಾಕ್ಕೊಂಡ್ರಿ."

"ಕೆಲಸ ಇಲ್ವಾ ಇನ್ನು?"

ಅವನು ಸ್ವಲ್ಪ ಯೋಚಿಸಿ, ಗೇಟಿನಲ್ಲಿ ಹೆಂಗಸರ ಚೀಲ ನೋಡುವವಳು ಬಿಟ್ಟುಹೋಗಿದ್ದಾಳೆ ಎಂದ.

ಹೊಸದಾಗಿ ಬಂದವಳು ಇಪ್ಪತ್ತಾರರ ಹುಡುಗಿ, ಒಳ್ಳೆಯವಳು. ಯಾವ ಮಗುವಿಗೆ ಬೆನ್ನು ತಟ್ಟಬೇಕು, ಯಾವುದಕ್ಕೆ ಕಾಲು ನೀವಬೇಕು ಎಂದು ತೊಟ್ಟಿಲಕ್ಕ ಒಂದು ಬೆಳಿಗ್ಗೆಯೆಲ್ಲ ಹೇಳಿಕೊಟ್ಟಳು. ಹುಡುಗಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಆ ಕಡೆ ಹೋಗಲು ತೊಟ್ಟಿಲಕ್ಕನಿಗೆ ಕಾರಣವಿರಲಿಲ್ಲ.

ಗೇಟಿನ ಪಕ್ಕ ಒಂದು ತಗಡಿನ ಗೂಡು, ಒಂದು ಸ್ಟೂಲು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಜನವೋ ಜನ. ನಡುವೆ ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡಬೇಕು. ಚೀಲಗಳನ್ನು ಅವಳು ಕೈ ಹಾಕಿಯೇ ನೋಡುತ್ತಿದ್ದಳು, ಕಣ್ಣು ಬೇಕಿರಲಿಲ್ಲ. ಡಬ್ಬಿ, ಬಾಚಣಿಗೆ, ಕೊಡೆ. ಈಗೀಗ ಕೆಲವು ಚೀಲಗಳಲ್ಲಿ ಮಡಿಚಿದ ಮೆತ್ತನೆಯ ಬಟ್ಟೆ, ಗಿಲಕಿ, ಪುಟ್ಟ ಟೋಪಿ. ಜೋಡಿ ಮೇಜಿನವಳು ದಿನವೂ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು, ಚೀಲ ಬಿಚ್ಚಿ ಹಿಡಿದು, ಬೇರೆ ಕಡೆ ನೋಡುತ್ತ ನಿಂತು, ಒಳಗೆ ಹೋಗುತ್ತಿದ್ದಳು. ಎರಡು ತಿಂಗಳು ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಅವಳು ತಡವಾಗಿ, ಎಲ್ಲರಿಗಿಂತ ಕೊನೆಗೆ ಬಂದಳು. ಮಗು ಜೊಲ್ಲು ಸುರಿಸುತ್ತ ಕಿರಿಕಿರಿ ಮಾಡುತ್ತಿತ್ತು. ಚೀಲವನ್ನು ಮುಂದೆ ಹಿಡಿದವಳು, ಯಾರಿಗೋ ಹೇಳುವಂತೆ ಅಂದಳು, "ಹಲ್ಲು ಬರ್ತಿದೆ. ಮೂರು ದಿನ ಆಯ್ತು ಮಲಗಿ."

"ಒದ್ದೆ ಬಟ್ಟೆ ಕೊಡು, ಕಚ್ಕೊಳ್ಳಲಿ. ತಣ್ಣಗಿದ್ರೆ ಹಾಯಾಗುತ್ತೆ" ಎಂದಳು ತೊಟ್ಟಿಲಕ್ಕ. ಮಗುವಿನ ಗದ್ದ ಒರೆಸಲು ಕೈ ಎತ್ತಿದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ತಾಯಿ, "ಸರಿ" ಎಂದು ಚೀಲ ಹೆಗಲಿಗೇರಿಸಿಕೊಂಡು ದಾಪುಗಾಲು ಹಾಕಿದಳು. ಕಾವಲುಗಾರ ಗೇಟು ಎಳೆದ. ತೊಟ್ಟಿಲಕ್ಕ ಸ್ಟೂಲನ್ನು ಬಿಸಿಲು ಬೀಳದ ಕಡೆಗೆ ಸರಿಸಿಕೊಂಡು ಕೂತಳು.