ಬೂಟು ಬಿಚ್ಚಲು ಬಗ್ಗಿದವನು

ಬೆರಳ ತುದಿಯಲ್ಲಿ ಸುಟ್ಟ ಕಾಗದದ ವಾಸನೆ, ಸೋಪು ಹಾಕಿ ತೊಳೆದರೂ ಹೋಗಿಲ್ಲ, ಅಥವಾ ಬೆರಳಿನಿಂದ ಹೋಗಿ ಮೂಗಿನಲ್ಲಿ ಉಳಿದಿದೆಯೋ ಏನೋ — ಜೋಸ್ಯಾನ್ ಕೈಯನ್ನು ಕೋಟಿನ ಜೇಬಿಗೆ ತುರುಕಿದಳು, ವ್ಯಾನಿನೊಳಗೆ ಎಂದಿನ ಪಾಚಿ, ಉಪ್ಪು, ಒದ್ದೆ ಹಗ್ಗ, ಥೂ ಎಂದು ಮೂಗು ಮುಚ್ಚುತ್ತಿದ್ದ ಆ ನಾತವೇ ಇವತ್ತು ಎಷ್ಟು ಹಿತ, ಪಕ್ಕದಲ್ಲಿ ಗಂಡ ರೆಜಿಸ್ ಮುಂದಿನ ಲಾರಿಯವನಿಗೆ ಬೈಯುತ್ತಿದ್ದಾನೆ, ಏನ್ ಹೆಣ ಹೊತ್ಕೊಂಡ್ ಹೋಗ್ತಿದೀಯೇನೋ, ತುಳಿಯೋ ಸ್ವಲ್ಪ, ಬೈಯಲಿ, ಬಾಯ್ತುಂಬ ಬೈಯಲಿ, ಬೈಯುವುದಕ್ಕೆ ಬಾಯಿ ಇದೆಯಲ್ಲ, ಜೀವ ಇದೆಯಲ್ಲ. ಕಡಲ ಸಿಂಪಿ ಬೆಳೆಯುವ ಕೆಲಸ ಅರ್ಧಕ್ಕೇ ಬಿಟ್ಟು ಕೆಸರಿನ ಬೂಟಿನಲ್ಲೇ ಸ್ಯಾಂತ್ ಪಟ್ಟಣದ ಕೋರ್ಟಿನ ಬಾಗಿಲಿಗೆ ಬಂದು ನಿಂತಿದ್ದ, ಪೊಲೀಸಿನವನು ಮೇಲಿಂದ ಕೆಳಗೆ ನೋಡಿದರೂ ಇವನಿಗೆ ಪರಿವೆಯಿಲ್ಲ. ಮುಗಿಯಿತು, ಅಬ್ಬಾ, ಮೂರು ದಿನ, ಊರವರ ಹೆಸರಿನ ಚೀಟಿ ಎತ್ತಿ, ತೀರ್ಪು ಕೊಡುವ ಪಂಚರಲ್ಲೊಬ್ಬಳಾಗಿ ಕೂರಿಸಿದ್ದರು, ಒಳಗೆ ಯಾರು ಏನಂದರು ಎಂದು ಸಾಯುವ ತನಕ ಬಾಯಿ ಬಿಡುವುದಿಲ್ಲ ಎಂದು ಕೈ ಎತ್ತಿ ಪ್ರಮಾಣ ಮಾಡಿದ್ದಾಳೆ. ಹನ್ನೆರಡು ವರ್ಷ ಜೈಲಂತೆ ಆ ನಾದೇಜ್‌ಗೆ? ರೇಡಿಯೋದಲ್ಲಿ ಬಂತು, ಸರ್ಕಾರಿ ವಕೀಲ ಇಪ್ಪತ್ತು ಕೇಳಿದ್ನಂತೆ. ಹೂಂ. ನೀನೆಷ್ಟು ಬರೆದೆ ಚೀಟಿಯಲ್ಲಿ? ಹೇಳಂಗಿಲ್ಲ. ಗಂಡಂಗೂ? ಗಂಡಂಗಂತೂ ಹೇಳಂಗೇ ಇಲ್ಲ. ರೆಜಿಸ್ ನಕ್ಕ, ನಕ್ಕಾಗ ಕುತ್ತಿಗೆಯ ನರ ಉಬ್ಬುತ್ತದೆ, ಎಡಗಡೆ, ಕಿವಿಯ ಕೆಳಗೆ. ಅವಳು ಕಿಟಕಿಯ ಕಡೆ ತಿರುಗಿದಳು.

ನಾದೇಜ್, ಶಾಲೆಯ ಮಕ್ಕಳಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು, ಮೂರು ದಿನವೂ ಆರೋಪಿಯ ಗಾಜಿನ ಗೂಡಿನೊಳಗೆ ಕೂತು ಅಂಗಿಯ ಗುಂಡಿ ತಿರುಗಿಸಿದ್ದೇ ತಿರುಗಿಸಿದ್ದು, ಕೊನೆಗೆ ಗುಂಡಿಯೇ ಕಿತ್ತು ಬಂತು. ಭಾನುವಾರ ಮಧ್ಯಾಹ್ನ, ಮೇಜಿನ ಮೇಲೆ ಹುರಿದ ಕೋಳಿ, ಕೋಳಿ ಕೊಯ್ಯುತ್ತಿದ್ದ ಚೂರಿ ಕೈಯಲ್ಲೇ ಇತ್ತು, ಗಂಡ ಹೇಳಿದನಂತೆ, ಆರು ವರ್ಷದಿಂದ ನಿನ್ ತಂಗಿ ಜೊತೆಗಿದೀನಿ, ಇನ್ನೂ ಗೊತ್ತಾಗಿಲ್ವಾ ನಿನಗೆ, ಹೇಳಿ ನಕ್ಕನಂತೆ. ಒಂದೇ ಏಟು. ರಕ್ತಕ್ಕೆ ಬಟ್ಟೆ ಒತ್ತಿ ಹಿಡಿದವಳೂ ಅವಳೇ, ಫೋನ್ ಮಾಡಿದವಳೂ ಅವಳೇ. ಕೊಲ್ಲುವ ಮನಸ್ಸಿತ್ತೇನಮ್ಮಾ ಎಂದು ನ್ಯಾಯಾಧೀಶೆ ಕೇಳಿದಾಗ ಅವಳ ವಕೀಲ ಕೆಳಗಿನಿಂದ ತಲೆ ಅಲ್ಲಾಡಿಸುತ್ತಿದ್ದ, ಇಲ್ಲ ಅನ್ನು ಮಹಾತಾಯಿ, ಇಲ್ಲ ಅನ್ನು, ಅವಳು ಇತ್ತು ಅಂದಳು, ಆ ಗಳಿಗೆ ಇತ್ತು, ಮರುಗಳಿಗೆ ಇರಲಿಲ್ಲ, ಅಷ್ಟರಲ್ಲಿ ಆಗಿಹೋಗಿತ್ತು. ವಕೀಲ ಕಣ್ಣು ಮುಚ್ಚಿಕೊಂಡ. ಜೋಸ್ಯಾನ್ ಅವಳನ್ನೇ ನೋಡಿದಳು, ನಿಜ ಹೇಳುತ್ತಿದ್ದಾಳೆ, ಇಡೀ ಕೋಣೆಯಲ್ಲಿ ಅದು ನಿಜವೆಂದು ಗೊತ್ತಿರುವುದು ತನಗೊಬ್ಬಳಿಗೇ. ಆಮೇಲೆ ಸತ್ತವನ ತಾಯಿ ಎದ್ದು ನಿಂತಳು, ಗಿಡ್ಡ ಮುದುಕಿ, ಮಗನ ಸ್ವೆಟರನ್ನು ಮಡಿಚಿ ಎದೆಗಿಟ್ಟುಕೊಂಡಿದ್ದಳು, ನನ್ನ ಮಗ ಕೆಟ್ಟವನೇ ಇರಬಹುದು ಸ್ವಾಮಿ, ಸಾಯುವಷ್ಟು ಕೆಟ್ಟವನಾಗಿದ್ದನಾ? ರೆಜಿಸ್ ಕೂಡ ಸಾಯುವಷ್ಟು ಕೆಟ್ಟವನಾಗಿರಲಿಲ್ಲ, ದೇವರೇ, ಇರಲಿಲ್ಲ.

ಈ ಡಿಸೆಂಬರಿಗೆ ಹನ್ನೊಂದು ವರ್ಷ. ಕ್ರಿಸ್ಮಸ್ಸಿನ ಹಿಂದಿನ ವಾರ, ಬೆಳಗಿನಿಂದ ಸಿಂಪಿ ಬಿಡಿಸಿ ಬಿಡಿಸಿ ಕೈಯೆಲ್ಲ ಗೀರು, ಗೀರಿಗೆಲ್ಲ ಉಪ್ಪು, ಆ ಮಧ್ಯಾಹ್ನವೇ ಪಕ್ಕದ ಶೆಡ್ಡಿನವಳೊಬ್ಬಳು ಪಿಸುಗುಟ್ಟಿದ್ದಳು, ನಿನ್ನ ಗಂಡ ಮಿರೇಯ್ ಮನೇಲಿರ್ತಾನಲ್ಲ ಗುರುವಾರ ಗುರುವಾರ, ನಿಂಗೊತ್ತಿಲ್ವೇನೇ, ಊರಿಗೆಲ್ಲ ಗೊತ್ತು. ಊರಿಗೆಲ್ಲ ಗೊತ್ತು! ಅವತ್ತೂ ಗುರುವಾರವೇ. ಸಂಜೆ ರೆಜಿಸ್ ಮನೆಗೆ ಬಂದ, ಸೀಟಿ ಹೊಡೆಯುತ್ತಾ ಬಂದ, ಬಾಗಿಲಲ್ಲಿ ನಿಂತು, ಏನೇ ಊಟಕ್ಕೆ? ಅಂದ, ಅಷ್ಟೇ, ಬೇರೇನೂ ಅನ್ನಲಿಲ್ಲ. ಅವಳ ಕೈಯಲ್ಲಿ ಸಿಂಪಿ ಬಿಡಿಸುವ ಚೂರಿ, ಗಿಡ್ಡದು, ಮೊನೆ ಚೂಪು, ಕಣ್ಣಿಗೆ ಕಂಡದ್ದು ಕುತ್ತಿಗೆಯೊಂದೇ, ಕಿವಿಯ ಕೆಳಗೆ ಆ ನರ, ಅಲ್ಲಿಗೇ ಎಂದು ಎಸೆದಳು — ಇವನು ಬೂಟು ಬಿಚ್ಚಲು ಬಗ್ಗಿದ. ಕೆಸರಿಗೆ ಕಚ್ಚಿಕೊಂಡಿದ್ದ ಬೂಟು, ಎಡಗಾಲಿನದು. ಚೂರಿ ಬಾಗಿಲ ಚೌಕಟ್ಟಿಗೆ ನಾಟಿ ನಡುಗುತ್ತಿತ್ತು. ಬೂಟು ಸಲೀಸಾಗಿ ಬರುವ ಹಾಗಿದ್ದರೆ, ನೆಂಟರ ಮನೆಗೆ ಹೋಗುವ ಷೂ ಹಾಕಿದ್ದರೆ? ಆಮೇಲೆ ಜಗಳ, ಅಳು, ಅವನು ಕಾಲಿಗೆ ಬಿದ್ದದ್ದು, ಮಿರೇಯ್ ಊರು ಬಿಟ್ಟದ್ದು, ಎಲ್ಲ ಆಯಿತು, ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ, ಇವಳಿಗೆ ಮೂಗು ಕೊಯ್ಯುವುದೇ ತಪ್ಪಿಹೋಗಿತ್ತು. ವೈನಿನಂಗಡಿಯಲ್ಲಿ ಕೂತು ಇವನು ಜಂಬ ಕೊಚ್ಚುತ್ತಾನೆ, ನನ್ನ ಹೆಂಡ್ತಿ ಬೇಕಂತಲೇ ಗುರಿ ತಪ್ಪಿಸಿದ್ಲು ಕಣ್ರೋ, ಸಿಟ್ಟಲ್ಲೂ ಪ್ರೀತಿ. ಅವಳು ಒಂದು ಸಲವೂ ಅಲ್ಲ ಅಂದಿಲ್ಲ.

ಕೋಣೆಯೊಳಗೆ ಮೂವರು ನ್ಯಾಯಾಧೀಶರು, ಒಂಬತ್ತು ಜನ ಪಂಚರು, ಗುಟ್ಟಾಗಿ ಬರೆಯುವ ಚೀಟಿ. ಹೇರ್‌ಕಟ್ಟಿನ ಅಂಗಡಿಯ ಹುಡುಗಿಯೊಬ್ಬಳು, ಐದು ವರ್ಷ ಸಾಕು ಸಾರ್, ನಾನಾಗಿದ್ರೂ ಹಾಗೇ ಮಾಡ್ತಿದ್ದೆ, ಅಂದದ್ದಕ್ಕೆ ನಿವೃತ್ತ ಮೇಷ್ಟ್ರು ಕನ್ನಡಕ ತೆಗೆದರು, ಸಿಟ್ಟು ಬಂತು ಅಂತ ಬಿಟ್ಟರೆ ನಾಳೆ ಹೆಂಡ್ತೀನ ಕೊಂದ ಪ್ರತಿಯೊಬ್ಬ ಗಂಡಸೂ ಬಂದು ಇದೇ ಹಾಡು ಹಾಡ್ತಾನಮ್ಮ, ಆಗಲೂ ಐದು ಅಂತೀಯಾ? ಮೇಷ್ಟ್ರು ಹೇಳಿದ್ದು ಸರಿ, ಹುಡುಗಿಯ ಸಂಕಟವೂ ಸರಿ, ಇಬ್ಬರಲ್ಲಿ ಯಾರನ್ನು ತಪ್ಪು ಅನ್ನಲಿ, ಕೋರ್ಟು ಯಾವುದನ್ನು ಅಳೆಯಬೇಕು, ಮನಸ್ಸನ್ನೋ ಕೈಯನ್ನೋ, ಮನಸ್ಸಿಗೇ ಶಿಕ್ಷೆಯಾದರೆ ನಾನೂ ಆ ಗಾಜಿನ ಗೂಡಿನಲ್ಲಿ ಕೂರಬೇಕು, ಕೈಗೆ ಮಾತ್ರ ಅಂದರೆ ನನಗೂ ಅವಳಿಗೂ ನಡುವೆ ಇರುವುದು ಒಂದು ಕೆಸರಿನ ಬೂಟು. ಜೋಸ್ಯಾನ್ ಅಂಗೈ ಅಡ್ಡ ಹಿಡಿದು ಪೆನ್ನೆತ್ತಿದಳು. ಐದು ಬರೆದರೆ ಆ ಮುದುಕಿಯ ಸ್ವೆಟರು ಕಣ್ಣೆದುರು, ಇಪ್ಪತ್ತು ಬರೆದರೆ ಆ ಗುಂಡಿ. ಕೊನೆಗೆ ತನಗೆ ತಾನೇ ಹಾಕಿಕೊಳ್ಳುವುದಾದರೆ ಎಷ್ಟು ಎಂದು ಕೇಳಿಕೊಂಡಳು, ಹನ್ನೆರಡು ಅಂತ ಬಂತು, ಹಾಗೆಯೇ ಬರೆದಳು. ಎಣಿಸಿ ನೋಡಿದರೆ ಬಹುಪಾಲು ಚೀಟಿಗಳಲ್ಲಿ ಅದೇ ಅಂಕಿ, ಎದೆಯ ಮೇಲಿಂದ ಕಲ್ಲಿಳಿಸಿದ ಹಾಗಾಯಿತು, ನನ್ನ ಲೆಕ್ಕ ಹುಚ್ಚು ಲೆಕ್ಕವಲ್ಲ, ಹಾಗಾದರೆ. ಚೀಟಿಗಳನ್ನೆಲ್ಲ ಕಬ್ಬಿಣದ ಬಟ್ಟಲಿನಲ್ಲಿ ಸುಟ್ಟರು, ಹೊರಗೆ ಸಿಡಿದ ಒಂದು ಚೂರನ್ನು ಅವಳೇ ಬೆರಳಿನಿಂದ ಒಳಕ್ಕೆ ತಳ್ಳಿದಳು. ತೀರ್ಪು ಓದುವಾಗ ನಾದೇಜ್ ತಲೆಯೆತ್ತಿ ಉಸಿರು ಬಿಟ್ಟಳು, ಮುದುಕಿ ಸ್ವೆಟರಿನ ಮೇಲೆ ಕೈಯಾಡಿಸಿದಳು. ತನಗೇ ಆಗಿದ್ದರೆ ಇನ್ನೊಂದು ವರ್ಷ ಬಾಕಿಯಿರುತ್ತಿತ್ತು.

ಬಾಯಿಗೆ ಬೀಗ ಹಾಕ್ಕೊಂಡೇ ಬಂದೆಯಲ್ಲೇ ದಾರಿಯುದ್ದಕ್ಕೂ, ಇಳಿ, ಮನೆ ಬಂತು. ಸೂರ್ಯ ಇನ್ನೂ ಮುಳುಗಿಲ್ಲ, ಕಾಲುವೆಯಲ್ಲಿ ನೀರು ಏರುತ್ತಿದೆ, ಅಡುಗೆಮನೆಯಲ್ಲಿ ಬೆಳಗಿನ ಕಾಫಿಯ ಘಮ. ಅವಳು ಒಳಗೆ ಹೋಗಿ ತಿರುಗಿ ನಿಂತಳು, ಅವನು ಬಾಗಿಲಲ್ಲಿ, ಅದೇ ಬಾಗಿಲು, ಏನೇ ಊಟಕ್ಕೆ? ಒಳಗಿನ ಮಾತು ಹೊರಗೆ ಹೇಳಬಾರದು ಎಂದು ಪ್ರಮಾಣ ಮಾಡಿದ್ದು ಕೋರ್ಟಿನದಕ್ಕೆ, ಇದಕ್ಕಲ್ಲ — ರೆಜಿಸ್, ಅವತ್ತು ನಾನು ಗುರಿಯಿಟ್ಟೇ ಎಸೆದಿದ್ದು, ನಿನ್ನ ಕುತ್ತಿಗೆಗೇ. ಅವನು ಬಗ್ಗಿ ಎಡಗಾಲಿನ ಬೂಟಿನ ಜೊತೆ ಒದ್ದಾಡುತ್ತಿದ್ದ, ತಲೆ ಎತ್ತಲಿಲ್ಲ. ಗೊತ್ತು. ಗೊತ್ತಾ? ಚೌಕಟ್ಟಿನ ಆ ಚೂರಿ ತೂತಿಗೆ ಮೆತ್ತೋವಾಗ ನಾನೇ ನೆಟ್ಟಗೆ ನಿಂತು ಅಳೆದು ನೋಡಿದ್ದೆ ಕಣೆ, ಸರಿಯಾಗಿ ಕುತ್ತಿಗೆಗೇ ಬರುತ್ತೆ, ಅಂಗಡೀಲಿ ಹಾಗೆಲ್ಲ ಹೇಳಕ್ಕಾಗತ್ತಾ, ಬಾ, ಈ ಹಾಳು ಬೂಟು ಎಳಿ ಸ್ವಲ್ಪ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು, ಎರಡೂ ಒಟ್ಟಿಗೆ, ನೆಲಕ್ಕೆ ಕೂತು ಎರಡೂ ಕೈಯಲ್ಲಿ ಬೂಟು ಹಿಡಿದಳು, ಕೆಸರು ಬೆರಳಿಗೆ ಮೆತ್ತಿತು, ಬರುತ್ತಿಲ್ಲ, ಬರದಿರಲಿ, ಇನ್ನೂ ಸ್ವಲ್ಪ ಹೊತ್ತು ಬರದಿರಲಿ, ಅವನು ಬಗ್ಗಿಯೇ ಇರಲಿ, ಅವನ ಬಾಗಿದ ಬೆನ್ನು, ಬೆನ್ನಿನ ಮೇಲೆ ಖಾಲಿ ಗಾಳಿ, ಗಾಳಿಯಾಚೆ ಚೌಕಟ್ಟಿನಲ್ಲಿ ಮೆತ್ತಿದ್ದೆಲ್ಲ ಉದುರಿದ ಆ ತೂತು, ಬೆರಳಿನಷ್ಟಗಲ, ಆ ತೂತು —