ನಾಯಿಮನೆಯ ಕೆಂಪು ಬಿಲ್ಲೆ

"ಇದೇನು ಹಂಸಾನಾ? ಇಲ್ಲಾ ನಿಮ್ಮೂರಲ್ಲಿ ಕತ್ತು ಮುರಿದು ಬಾಣಲೆಗೆ ಹಾಕೋ ಕೋಳೀನಾ?"

ಮ್ಯಾನೇಜರ್ ಬ್ರಾಂಟ್ಲಿ ನಾನು ಮಡಿಸಿಟ್ಟಿದ್ದ ಟವೆಲ್ ಹಂಸದ ಕೊರಳು ಹಿಡಿದೆತ್ತಿ ನನ್ನ ಮೂಗಿನ ಮುಂದೆ ಅಲ್ಲಾಡಿಸಿದ. ಹಂಸ ಬಿಚ್ಚಿಕೊಂಡು ಬರೀ ಟವೆಲಾಗಿ ಅವನ ಬೂಟಿನ ಮೇಲೆ ಬಿತ್ತು.

"ಹಂಸಾನೇ ಸಾರ್," ಎಂದೆ. "ನೀವ್ ಕತ್ತಿಗೆ ಕೈ ಹಾಕಿದ್ಕೆ ಕೋಳಿ ಆಯ್ತು."

ಬಚ್ಚಲು ತೊಳೆಯುತ್ತಿದ್ದ ನನ್ನ ಜೊತೆಗಾತಿ ಒಟಿಲಿಯಾ ಕಮೋಡಿನೊಳಗೆ ತಲೆಯಿಟ್ಟು ನಕ್ಕಳು. ಅದರೊಳಗಿಂದ ಬಂದ ನಗು ಎರಡರಷ್ಟಾಗಿ ಕೇಳಿಸಿತು.

"ಕೂಕಾ, ನಿನ್ನ ನಾಲಿಗೆ ಉದ್ದ ಆಯ್ತು. ಟವೆಲ್ ಜೊತೆ ಅದನ್ನೂ ಮಡಿಸಿಡು," ಎಂದ ಬ್ರಾಂಟ್ಲಿ.

ಅವನಿಗೆ ಗೊತ್ತಿಲ್ಲ, ಪಾಪ. ಈ ಮರುಭೂಮಿಯಲ್ಲಿ ಟವೆಲ್ ಮಡಿಸುವುದರಲ್ಲಿ ನನ್ನನ್ನು ಮೀರಿಸುವವಳು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಸೆಖೆಗೆ ಸತ್ತಿರುತ್ತಾಳೆ. ನಾನು ಮಡಿಸಿದ ಆನೆಗೆ ಷಿಕಾಗೋದ ಒಬ್ಬ ಜಡ್ಜಿ ಎರಡು ದಿನ ಬಾಳೆಹಣ್ಣು ತಿನ್ನಿಸಲು ನೋಡಿದ. ನನ್ನ ಮೊಲ ಹಾಸಿಗೆಯಿಂದಿಳಿದು ಹೊರಗೆ ಓಡಿಹೋಗಿ ಗುಳ್ಳೆನರಿಯ ಬಾಯಿಗೆ ಸಿಕ್ಕಿತು. ಈಜುಕೊಳದ ಹತ್ತಿರ ಬರೀ ದಾರ ಉಳಿದಿತ್ತು. ಸುಳ್ಳೆನ್ನುವವರು ಎಲಿಹಿಯೋನನ್ನು ಕೇಳಲಿ. ನಮ್ಮ ರೆಸಾರ್ಟಿನ ನಲ್ಲಿ, ವೈರು, ಬೀಗ ಎಲ್ಲ ನೋಡಿಕೊಳ್ಳುವವನು ಅವನೇ. ದಾರ ಗುಡಿಸಿದವನೂ ಅವನೇ.

ಬ್ರಾಂಟ್ಲಿ ನಮ್ಮಿಬ್ಬರನ್ನೂ ಪಕ್ಕದ ಕೋಣೆಯ ಮುಂದೆ ನಿಲ್ಲಿಸಿದ. ಅದರ ಹಿಡಿಕೆಗೆ ಕೆಂಪು ಬಿಲ್ಲೆ ತೂಗುತ್ತಿತ್ತು. ಒಳಗಿರುವವರು ತಮ್ಮ ನೆಮ್ಮದಿ ಕೆಡಿಸಬೇಡಿ ಎಂದು ನೇತುಹಾಕುವ ಬಿಲ್ಲೆ ಅದು. ದಿನವೂ ಇಲ್ಲೇ ನಮಗೆ ಪಾಠ.

"ಕೆಂಪು ಬಿಲ್ಲೆ ಇದ್ರೆ?"

"ತಟ್ಟಬಾರ್ದು ಸಾರ್."

"ಒಳಗೆ ಬೆಂಕಿ ಬಿದ್ರೆ?"

"ತಟ್ಟಬಾರ್ದು ಸಾರ್."

"ನಾನೇ ತಟ್ಟು ಅಂದ್ರೆ?"

"ಆಗ್ಲೂ ತಟ್ಟಬಾರ್ದು ಸಾರ್."

"ಬಿಲ್ಲೆ ಇಲ್ದಿದ್ರೆ?"

"ಮೂರು ಸಲ ತಟ್ಟಿ, ಎರಡು ಹೆಜ್ಜೆ ಹಿಂದೆ ಸರ್ದು, ಹೌಸ್‌ಕೀಪಿಂಗ್ ಅನ್ಬೇಕು."

"ಹೇಗೆ?"

"ನಕ್ಕೊಂಡು."

"ಬಾಗಿಲಾಚೆ ಇರೋರಿಗೆ ಆ ನಗು ಕೇಳಿಸ್ಬೇಕು. ಅವರು 'ಆಮೇಲೆ ಬಾ' ಅಂದ್ರೆ?"

"ಥ್ಯಾಂಕ್ಯೂ ಅಂದು ಹೋಗ್ಬೇಕು."

ನಮ್ಮ ಬ್ರಾಂಟ್ಲಿ ನಿಯಮ ಹೇಳಿದರೆ ಹೇಳಿದಂತೆ. ಒಮ್ಮೆ, ವರ್ಷವರ್ಷವೂ ಇದೇ ಕೋಣೆಗೆ ಬರುವ ಗಿರಾಕಿ ಶ್ರೀಮತಿ ಹಾಲ್ವರ್ಸನ್ ಕೆಂಪು ಬಿಲ್ಲೆ ಹಾಕಿ, ಸ್ನಾನದ ತೊಟ್ಟಿಯ ನಲ್ಲಿ ತಿರುಗಿಸಿ ನಿದ್ದೆಹೋದಳು. ಬಾಗಿಲ ಸಂದಿಯಿಂದ ನೀರು ಹೊಳೆಯಾಗಿ ಹರಿಯಿತು. ಮೀನು ಬಂದದ್ದನ್ನು ನಾನೇ ಕಂಡೆ. ಬ್ರಾಂಟ್ಲಿ ಬಾಗಿಲು ತಟ್ಟಲಿಲ್ಲ. ನಮ್ಮೆಲ್ಲರನ್ನೂ ಹೊಸ್ತಿಲಲ್ಲಿ ಮಂಡಿಯೂರಿಸಿ, ಅವಳು ಏಳುವವರೆಗೂ ಟವೆಲ್ ಹಿಂಡಿಸಿದ. ಅದಕ್ಕೆ ಹಿಂದಿನ ವರ್ಷ ಬಿಲ್ಲೆ ಕಾಣದೆ ಬಾಗಿಲು ತಟ್ಟಿದ ಒಬ್ಬ ಹುಡುಗಿಯನ್ನು ಅದೇ ಹಾಲ್ವರ್ಸನ್ ಒಂದು ಮಾತಿನಲ್ಲಿ ಕೆಲಸದಿಂದ ಕಳಿಸಿದ್ದಳು. ಇಲ್ಲಿ ಕೆಲಸ ಹೋದರೆ ಹಾಸಿಗೆಯೂ ಹೋಯಿತು. ಹೆದ್ದಾರಿಯ ಬದಿಯಲ್ಲಿ ಗಂಟು ಹಿಡಿದು ನಿಲ್ಲಬೇಕು. ಕಣ್ಣು ಹಾಯುವವರೆಗೂ ಕುರುಚಲು ಕ್ರಿಯೊಸೋಟ್ ಗಿಡ, ಅದರಾಚೆಗೂ ಕ್ರಿಯೊಸೋಟ್ ಗಿಡ.

ಮಧ್ಯಾಹ್ನ ಕೆಲಸ ಮುಗಿಸಿ ನಾವು ಕೆಲಸದವರು ಮಲಗುವ ಟ್ರೈಲರಿಗೆ ಬಂದೆವು. ಚಕ್ರ ಕಳಚಿ ಇಟ್ಟಿಗೆಯ ಮೇಲೆ ಕೂರಿಸಿದ ತಗಡಿನ ಡಬ್ಬ ಅದು. ಬಾಗಿಲು ತೆಗೆದರೆ ಒಳಗಿನ ಬಿಸಿ ನಮ್ಮ ಕಪಾಳಕ್ಕೆ ಬಾರಿಸಿತು. ಒಲೆ ಹಚ್ಚದೆಯೇ ಅಲ್ಲಿ ಟೋರ್ಟಿಯಾ ರೊಟ್ಟಿ ಬೇಯಿಸಬಹುದಿತ್ತು. ಕಿಟಕಿಯಲ್ಲಿ ಕೂಲರ್ ಇರಬೇಕಾದ ಕಡೆ ಚೌಕಾಕಾರದ ಆಕಾಶ ಕಾಣುತ್ತಿತ್ತು.

ಮೂಲೆಯ ಮಂಚದಲ್ಲಿ ತಿಮೋತೆಯಾ ಬೆಳಿಗ್ಗೆ ಒದ್ದೆ ಮಾಡಿದ್ದ ಬಟ್ಟೆಯನ್ನು ಎದೆಯ ಮೇಲೆ ಹಾಕಿಕೊಂಡು ಮಲಗಿದ್ದಳು. ಲಾಂಡ್ರಿಯಲ್ಲಿ ನಮ್ಮೆಲ್ಲರಿಗಿಂತ ಹಿರಿಯಳು. ನಿನ್ನೆ ಇಸ್ತ್ರಿ ಯಂತ್ರದ ಮುಂದೆ ಬಿದ್ದಿದ್ದಳು. ನಾನು ಬಟ್ಟೆ ಮುಟ್ಟಿ ನೋಡಿದೆ, ಒಣಗಿ ಹಪ್ಪಳವಾಗಿತ್ತು.

"ಯಾವ್ ಬೋಳಿಮಗ ಕಿತ್ಕೊಂಡ್ ಹೋದ ಕೂಲರ್ನ?" ಎಂದು ಒಟಿಲಿಯಾ ಕಿರುಚಿದಳು.

ಹೊರಗೆ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ ಎಲಿಹಿಯೋ ಕಾಲಿನಿಂದ ಮರಳು ಕೆದಕಿದ. "ನಾನೇ ಕಣಮ್ಮಿ."

"ಥೂ ನಿನ್ನ! ಯಾರಿಗ್ಲಾ?"

"ನಾಯಿಗೋಳ್ಗೆ."

ನಾವಿಬ್ಬರೂ ಅವನ ಮುಖವನ್ನೇ ನೋಡಿದೆವು.

"ಹೊಸ್ದಾಗಿ ಕಟ್ಟವ್ರಲ್ಲ, ಗಿರಾಕಿಗೋಳ ನಾಯಿಮನೆ. ನಾಳೆ ಅದ್ರ ಓಪನಿಂಗು. ಅದ್ಕೆ ದೊಡ್ಡ ಎಸಿ ಮಿಷಿನ್ನು ತರ್ತಿದ್ ಲಾರಿ ದಾರೀಲೇ ಕೆಟ್ಟ್ ನಿಂತೈತಂತೆ. ನಾಯಿಗೋಳು ಸೆಖೆ ತಡೆಯಾಕಿಲ್ಲ ಅಂದ ಬ್ರಾಂಟ್ಲಿ."

"ನಾವು?"

"ನೀವು ಬಿಸಿಲ್ ನಾಡಿನೋರು, ಅಭ್ಯಾಸ ಐತೆ ಅಂದ."

ತಿಮೋತೆಯಾ ಮಲಗಿದಲ್ಲಿಂದಲೇ ಹೇಳಿದಳು: "ನಮ್ಮೂರು ಬೆಟ್ಟದ ಮೇಲೈತೆ ಕಣ್ಲಾ. ಡಿಸೆಂಬರಾಗೆ ಕಂಬ್ಳಿ ಮೇಲ್ ಕಂಬ್ಳಿ ಹೊದ್ಕೋತಿದ್ವಿ. ಅವ್ನಿಗೆ ಹೇಳು."

ಹೇಳಲು ನಾನೇ ಹೋದೆ. ಬ್ರಾಂಟ್ಲಿ ನಾಯಿಮನೆಯ ಮುಂದೆ ನಿಂತು ಬಾಗಿಲಿಗೆ ಹಾಕುವ ರಿಬ್ಬನ್ನಿನ ಬಣ್ಣ ಆರಿಸುತ್ತಿದ್ದ.

"ಮುದುಕಿ ಸಾಯ್ತಾಳೆ ಸಾರ್," ಎಂದೆ.

"ಒದ್ದೆ ಟವೆಲ್ ಹೊದಿಸು. ಹೊಸದಲ್ಲ, ನೆಲ ಒರೆಸೋದು." ರಿಬ್ಬನ್ನನ್ನು ಬಿಸಿಲಿಗೆ ಹಿಡಿದು ನೋಡಿದ. "ಮತ್ತೆ ಕೇಳು ಕೂಕಾ. ಇನ್ನೊಂದ್ ಸಲ ಬಿದ್ರೆ ಅವಳು ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಲೆಕ್ಕ. ಸಾಮಾನು ಕಟ್ಟಿಸಿ ಹೆದ್ದಾರಿಗೆ ಬಿಡಿಸ್ತೀನಿ. ನೀಲಿ ಚೆನ್ನಾಗಿದ್ಯಾ, ಹಳದೀನಾ?"

"ಕಪ್ಪು ಚೆನ್ನಾಗಿರ್ತದೆ ಸಾರ್," ಎಂದು ಬಂದೆ.

ಮರುದಿನ ನಾಯಿಮನೆ ಗುಡಿಸಿ ಸಜ್ಜು ಮಾಡುವ ಕೆಲಸ ನಮ್ಮ ಪಾಲಿಗೇ ಬಂತು. ಒಳಗೆ ಕಾಲಿಟ್ಟ ಕೂಡಲೇ ಒಟಿಲಿಯಾ ಶಿಲುಬೆಯ ಗುರುತು ಮಾಡಿಕೊಂಡಳು. ಚರ್ಚಿನಲ್ಲೂ ಇಷ್ಟು ತಂಪು ಕಂಡಿರಲಿಲ್ಲ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಹಾಸಿಗೆ. ನನ್ನ ಮಂಚದ ದಿಂಬು ಹಿಂಡಿದರೆ ಕಲ್ಲು ಉದುರುತ್ತದೆ; ಇಲ್ಲಿ ಕೈಯಿಟ್ಟರೆ ಮೊಣಕೈವರೆಗೂ ಹೂತುಹೋಯಿತು. ಕಿಟಕಿಯಲ್ಲಿ ನಮ್ಮದೇ ಕೂಲರ್. ಅದರ ನೆತ್ತಿಯ ಮೇಲೆ ನಾವು ಅಂಟಿಸಿದ್ದ ನಮ್ಮ ದೇವಮಾತೆ ಗ್ವಾದಲೂಪೆ ತಾಯಿಯ ಚಿತ್ರವನ್ನೂ ಕಿತ್ತಿರಲಿಲ್ಲ. ತಾಯಿ ನಾಯಿಬಟ್ಟಲುಗಳ ಕಡೆ ಕಣ್ಣು ತಗ್ಗಿಸಿ ನಿಂತಿದ್ದಳು.

ಬಾಗಿಲ ಹಿಂದೆ ಬೋಲ್ಟು. ಅದರ ಪಕ್ಕ ಒಂದು ಮೊಳೆ. ಮೊಳೆಗೆ ಹೊಚ್ಚಹೊಸ ಕೆಂಪು ಬಿಲ್ಲೆ. ನಾಯಿಗಳ ನಿದ್ದೆಗೂ ನೆಮ್ಮದಿ ಬೇಕಲ್ಲ.

ನಾನು ಬಿಲ್ಲೆಯನ್ನು ನೋಡಿದೆ. ಒಟಿಲಿಯಾ ನನ್ನನ್ನು ನೋಡಿದಳು.

"ಕೂಕಾ, ಬ್ಯಾಡ."

"ನಾನೇನಂದೆ?"

"ನಿನ್ ಮೂಗು ಅಲ್ಲಾಡ್ತಾ ಐತೆ. ಅದು ಅಲ್ಲಾಡಿದಾಗೆಲ್ಲಾ ನನ್ ಕೆಲ್ಸಕ್ಕೆ ಸಂಚಕಾರ."

"ಮುದುಕಿ ಬೆಳಿಗ್ಗೆ ನನ್ನನ್ನ ಅವಳ ತಂಗಿ ಹೆಸರು ಹಿಡಿದು ಕರೆದ್ಳು ಕಣೇ. ಆ ತಂಗಿ ಸತ್ತು ಎಷ್ಟ್ ಕಾಲವಾಯ್ತೋ."

ಒಟಿಲಿಯಾ ಪೊರಕೆ ಒರಗಿಸಿದಳು. "ಗಾಡಿ ತತ್ತೀನಿ."

ಕೊಳೆಬಟ್ಟೆಯ ಗಾಡಿಯಲ್ಲಿ ತಿಮೋತೆಯಾಳನ್ನು ಮಡಿಸಿ ಕೂರಿಸಿದೆವು. ನಾನು ಆನೆ ಮಡಿಸಿದವಳು. ಮುದುಕಿ ಯಾವ ಲೆಕ್ಕ? ಮೇಲೆ ಕೊಳೆ ಚಾದರಗಳನ್ನು ಒಟ್ಟಿ, ಈಜುಕೊಳದ ಬದಿಯಿಂದ ತಳ್ಳಿಕೊಂಡು ಹೊರಟೆವು. ಬೇರೆ ದಾರಿ ಇರಲಿಲ್ಲ. ಕೊಳದ ಪಕ್ಕ ಕೊಡೆಯಡಿ ಮಲಗಿದ್ದ ಗಂಡಸೊಬ್ಬ ಕಣ್ಣು ತೆರೆಯದೆಯೇ ಒದ್ದೆ ಟವೆಲನ್ನು ಗಾಡಿಗೆ ಎಸೆದ. ಅದು ಥಪ್ಪೆಂದು ಬಿತ್ತು.

"ಆಹಾ," ಎಂದಿತು ಗಾಡಿ. "ತಣ್ಣಗೈತೆ. ಇನ್ನೊಂದ್ ಎಸೆಯಾಕ್ ಹೇಳು."

"ಬಾಯ್ ಮುಚ್ಕೊಂಡಿರು ದೊಡ್ಡವ್ವ!" ಎಂದಳು ಒಟಿಲಿಯಾ ಹಲ್ಲುಕಚ್ಚಿ.

ಎದುರಿಗೆ ಬ್ರಾಂಟ್ಲಿ ಬಂದ. ಗಾಡಿಯ ಮುಂದೆ ನಿಂತೇಬಿಟ್ಟ. ನನ್ನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಕೊಳದ ನೀರಿನಲ್ಲಿ ಅಲೆಯೆದ್ದಿತು. ಚಾದರಗಳ ನಡುವಿನಿಂದ ಮುದುಕಿಯ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಬ್ರಾಂಟ್ಲಿ ಅದರ ಮೇಲೆ ಕಣ್ಣಿಟ್ಟ. ನೋಡಿದ. ಕಾಣಲಿಲ್ಲ. ನಮ್ಮ ಕೈಕಾಲುಗಳು ಅವನ ಕಣ್ಣಿಗೆ ಬಿದ್ದದ್ದು ಯಾವಾಗ?

"ಗಾಡಿ ಇಷ್ಟು ತುಂಬಬೇಡಿ, ಚಕ್ರ ಹಾಳಾಗತ್ತೆ," ಎಂದು ಮುಂದೆ ನಡೆದ.

ನಾಯಿಮನೆಯಲ್ಲಿ ಮೂರು ಹಾಸಿಗೆ ಜೋಡಿಸಿ ಮುದುಕಿಯನ್ನು ಕೂಲರಿನ ಕೆಳಗೆ ಮಲಗಿಸಿದೆವು. ಹಿಡಿಕೆಗೆ ಹೊರಗಿನಿಂದ ಕೆಂಪು ಬಿಲ್ಲೆ ಹಾಕಿ, ಒಳಗಿನಿಂದ ಬೋಲ್ಟು ಜಡಿದೆವು. ಆಮೇಲೆ ನಾನು ಸುಮ್ಮನೆ ಕೂರುವವಳೇ? ಗಿರಾಕಿಗಳ ನಾಯಿಗಳಿಗೆಂದು ಒಟ್ಟಿದ್ದ ಬಿಳಿ ಟವೆಲ್‌ಗಳನ್ನೆಲ್ಲ ನಾಯಿಗಳಾಗಿ ಮಡಿಸಿ ಕಿಟಕಿಯಲ್ಲಿ ಸಾಲಾಗಿ ಕೂರಿಸಿದೆ. ಕಿವಿ ನಿಮಿರಿದ ನಾಯಿ, ಜೋಲುಗಿವಿಯ ನಾಯಿ, ಹೊಟ್ಟೆ ಮುಂದೆ ಬಿಟ್ಟು ಸೊಂಟಕ್ಕೆ ಕೈಯಿಟ್ಟ ಒಂದು ನಾಯಿ. ಅದನ್ನು ನೋಡಿ ಒಟಿಲಿಯಾ, "ಇದ್ಕೊಂದು ಟೈ ಹಾಕೇ, ಬ್ರಾಂಟ್ಲೀನೇ ಬಂದಂಗಾಯ್ತದೆ," ಎಂದು ರಿಬ್ಬನ್ನಿನ ತುಂಡು ಕಟ್ಟಿದಳು. ಮುದುಕಿಯ ಕೆನ್ನೆಯ ಕೆಂಪು ಇಳಿಯತೊಡಗಿತ್ತು. ಬಟ್ಟಲಿನಲ್ಲಿ ನೀರು ಕೊಟ್ಟೆ. ಬಟ್ಟಲ ಮೇಲೆ 'ಬ್ಯಾರನ್' ಎಂದು ಬರೆದಿತ್ತು. ಹಾಲ್ವರ್ಸನಳ ನಾಯಿಯ ಹೆಸರು.

ಜಲ್ಲಿಯ ಮೇಲೆ ಹೆಜ್ಜೆಗಳು. ಗ್ಲಾಸುಗಳ ಸದ್ದು. ಬ್ರಾಂಟ್ಲಿಯ ಸಕ್ಕರೆ ದನಿ: "ಬನ್ನಿ ಬನ್ನಿ, ನಮ್ಮ ಪುಟ್ಟ ಅತಿಥಿಗಳ ಅರಮನೆ..."

ದನಿ ಅಲ್ಲೇ ನಿಂತಿತು.

ಟವೆಲ್ ನಾಯಿಗಳ ಸಂದಿಯಿಂದ ನಾನು ನೋಡಿದೆ. ಗಿರಾಕಿಗಳು ತಂತಮ್ಮ ನಾಯಿಗಳನ್ನು ಎತ್ತಿಕೊಂಡು ನಿಂತಿದ್ದರು. ಕೆಳಗೆ ಬಿಟ್ಟರೆ ಪಾದ ಸುಡುತ್ತದೆ. ಬ್ಯಾರನ್ನು ಕರುವಿನಷ್ಟಿತ್ತು; ಹಾಲ್ವರ್ಸನ್ ಅದನ್ನು ಎತ್ತಲಾರದೆ, ಅದರ ಮುಂಗಾಲುಗಳನ್ನು ತನ್ನ ಚಪ್ಪಲಿಗಳ ಮೇಲೆ ಇರಿಸಿಕೊಂಡಿದ್ದಳು. ಬ್ರಾಂಟ್ಲಿ ಬಿಲ್ಲೆಯನ್ನು ನೋಡುತ್ತಿದ್ದ. ಅವನ ಕತ್ತಿನಿಂದ ಇಳಿದ ಬೆವರಿನಲ್ಲಿ ಒಂದು ಎಕರೆ ಮೆಣಸಿನಕಾಯಿ ಬೆಳೆಯಬಹುದಿತ್ತು.

ಅವನು ಮುಷ್ಟಿಯೆತ್ತಿದ.

"ಏನ್ ಮಾಡ್ತಿದೀರಿ?" ಹಾಲ್ವರ್ಸನ್ ಗದರಿದಳು. "ಬಿಲ್ಲೆ ಕಾಣ್ಸಲ್ವಾ? ಒಳಗೆ ಯಾರದೋ ನಾಯಿ ಮಲಗಿದೆ."

"ಮೇಡಂ, ಒಳಗೆ ಯಾರೂ..."

"ಬಿಲ್ಲೆ ಅಂದ್ರೆ ಬಿಲ್ಲೆ. ಇಂದು ಅವರ ಬಾಗಿಲು, ನಾಳೆ ನನ್ನದು."

"ಎಲಿಹಿಯೋ!" ಎಂದು ಕೂಗಿದ ಬ್ರಾಂಟ್ಲಿ. "ಕೀಲಿ ತಾ!"

ಎಲಿಹಿಯೋ ಬಂದ. ಬಿಲ್ಲೆ ನೋಡಿದ. ಕಿಟಕಿ ನೋಡಿದ. ಟೈ ಕಟ್ಟಿದ ನಾಯಿಯ ಪಕ್ಕದಲ್ಲಿ ನನ್ನ ಒಂದು ಕಣ್ಣನ್ನೂ ಕಂಡ. ಕೀಲಿಗೊಂಚಲನ್ನು ಜೇಬಿನ ಆಳಕ್ಕೆ ತಳ್ಳಿದ.

"ಕೆಂಪು ಬಿಲ್ಲೆ ಐತಲ್ಲ ಸಾರ್. ನೀವೇ ಯೋಳಿದ್ರೂ ಮುಟ್ಟಬಾರ್ದು ಅಂತ ನೀವೇ ಯೋಳಿದ್ರಿ."

"ನೋಡಿ, ಆಳಿಗಿರೋ ಬುದ್ಧಿ ನಿಮಗಿಲ್ಲ," ಎಂದಳು ಹಾಲ್ವರ್ಸನ್.

ಬಿಸಿಲು ಗಿರಾಕಿಗಳ ನೆತ್ತಿಗೂ ಬಂತು. ಒಬ್ಬನ ಕೈಯಲ್ಲಿದ್ದ ಸಣ್ಣ ನಾಯಿ ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು. ಅದರ ಒಡೆಯನೂ ಹಾಗೇ. ಯಾರೋ ಗೊಣಗಿದರು: "ಒಳಗಿರೋರು ಯಾರು ಅಂತಾದ್ರೂ ಕೇಳಬಾರದೇ? ಮೆಲ್ಲಗೆ?"

ಬ್ಯಾರನ್ನಿನ ಏದುಸಿರು ನೋಡಿ ಹಾಲ್ವರ್ಸನ್ನೂ ಹೂಂ ಎಂದು ತಲೆಯಾಡಿಸಿದಳು. ಬ್ರಾಂಟ್ಲಿ ಟೈ ಸರಿಮಾಡಿಕೊಂಡ. ಮೂರು ಸಲ ತಟ್ಟಿದ. ಎರಡು ಹೆಜ್ಜೆ ಹಿಂದೆ ಸರಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ತುಟಿ ಹಿಗ್ಗಿಸಿ, ನಗು ಬಾಗಿಲಾಚೆ ಕೇಳುವ ಹಾಗೆ ಹೇಳಿದ:

"ಹೌಸ್‌ಕೀಪಿಂಗ್."

ಒಟಿಲಿಯಾ ದಿಂಬು ಕಚ್ಚಿಕೊಂಡಳು. ಮುದುಕಿ ಒಂದು ಕಣ್ಣು ತೆರೆದಳು. ನಾನು ಗಂಟಲು ಸರಿಮಾಡಿಕೊಂಡೆ. ಇಷ್ಟು ವರ್ಷ ಬಾಗಿಲುಗಳ ಹೊರಗೆ ನಿಂತು ಕೇಳಿಸಿಕೊಂಡ ಗಿರಾಕಿಗಳ ಆ ದನಿಯನ್ನು, ಆ ಆಕಳಿಕೆಯ ಸಮೇತ, ಹಾಗ್ಹಾಗೇ ಹೊರಗೆ ತೆಗೆದೆ:

"ಆಮೇಲೆ ಬಾ!"

ಹೊರಗೆ ಗಿರಾಕಿಗಳು ತೃಪ್ತಿಯಿಂದ ತಲೆಯಾಡಿಸಿದರು. ಒಳಗೆ ಯಾರೋ ದೊಡ್ಡವರೇ ಇರಬೇಕು ಅಂದುಕೊಂಡರು.

"ಬರೋವಾಗ ಒಂದ್ ಬಕೆಟ್ ಐಸು," ಎಂದೆ. "ಒಗೆದ ಟವೆಲೂ. ನೆಲ ಒರೆಸೋದಲ್ಲ."

ಬ್ರಾಂಟ್ಲಿಗೆ ದನಿಯ ಗುರುತು ಸಿಕ್ಕಿತು. ಮುಖ ಬಿಲ್ಲೆಯ ಬಣ್ಣಕ್ಕೆ ತಿರುಗಿತು. ಬಾಯಿ ತೆರೆದ, ಪಕ್ಕದಲ್ಲಿ ಹಾಲ್ವರ್ಸನ್ ಹುಬ್ಬೇರಿಸಿ ಕಾಯುತ್ತಿದ್ದಳು.

"ಥ್ಯಾಂಕ್ಯೂ," ಎಂದ.

ಅವನ ಹೆಜ್ಜೆ ಜಲ್ಲಿಯ ಮೇಲೆ ಕರಕರ ಎನ್ನುತ್ತ ದೂರವಾಯಿತು. ಐಸಿನ ಕಡೆಗೋ, ಕಾವಲುಗಾರರ ಕಡೆಗೋ, ಕಿಟಕಿಯಿಂದ ಕಾಣಲಿಲ್ಲ.

"ತತ್ತಾನೇನೇ, ದಿಟವಾಗ್ಲೂ?" ಎಂದಳು ತಿಮೋತೆಯಾ.

"ಏನ್ ತತ್ತಾನೋ ತರ್ಲಿ. ನೀನ್ ಮಲಕ್ಕೋ ದೊಡ್ಡವ್ವ."

ಕೂಲರ್ ಗುಂಯ್ ಎನ್ನುತ್ತಿತ್ತು. ನಾನು ಮತ್ತೊಂದು ಟವೆಲ್ ಎತ್ತಿಕೊಂಡು ಮಡಿಸತೊಡಗಿದೆ. ಈ ಸಲದ ನಾಯಿಗೆ ಹಲ್ಲೂ ಇಟ್ಟೆ.