ಗುಂಡಿಯಕ್ಕನ ಕೋರಿಕೆ

ಅಳುವಾಗ ಗುಂಡಿಯಕ್ಕ ಗದ್ದವನ್ನು ಮೇಲಕ್ಕೆತ್ತಿ, ತಲೆಯನ್ನು ಗೋಡೆಗೆ ಆನಿಸಿ ಕೂರುತ್ತಿದ್ದರು. ಕಣ್ಣೀರು ಕಿವಿಯ ಪಕ್ಕಕ್ಕೆ ಹರಿದು ಅವರ ಕೋಟಿನ ಕೊರಳಪಟ್ಟಿಯಲ್ಲಿ ಇಂಗುತ್ತಿತ್ತೇ ಹೊರತು, ತೊಡೆಯ ಮೇಲಿದ್ದ ಗಿರಾಕಿಯ ಅಂಗಿಗೆ ಒಂದು ಹನಿಯೂ ತಾಗುತ್ತಿರಲಿಲ್ಲ. ಆ ಭಂಗಿಯಲ್ಲಿ ಕೈಕೆಲಸ ಕಾಣುವಂತಿರಲಿಲ್ಲ. ಆದರೂ ಬೆರಳುಗಳು ಗುಂಡಿಯ ನಾಲ್ಕು ತೂತುಗಳನ್ನು ತಾವಾಗಿಯೇ ತಡವಿ ಹುಡುಕಿ, ಸೂಜಿಯನ್ನು ಏರಿಸಿ ಇಳಿಸಿ, ದಾರವನ್ನು ಬುಡಕ್ಕೆ ಮೂರು ಸುತ್ತು ಸುತ್ತಿ ಗಂಟು ಹಾಕುತ್ತಿದ್ದವು. ಆರು ನಿಮಿಷದ ಒಂದು ಹಾಡಿಗೆ ಒಂದು ಅಂಗಿಯ ಗುಂಡಿಯೆಲ್ಲ ಮುಗಿಯುತ್ತಿತ್ತು.

ಆ ಹಾಡನ್ನು ಹಾಕುತ್ತಿದ್ದವನು ನಾನೇ. ರೇಡಿಯೋದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಕೇಳುಗರ ಕೋರಿಕೆಯ ಕಾರ್ಯಕ್ರಮ. ಬಂದ ಕಾರ್ಡುಗಳನ್ನು ಓದಿ, ಆರಿಸಿ, ಹೆಸರು ಹೇಳಿ ಹಾಡು ಹಾಕುವುದು ನನ್ನ ಕೆಲಸ. ಪ್ರತಿ ವಾರ, ತಪ್ಪದೆ, ಒಂದು ಕಾರ್ಡು; ಒಂದೇ ಕೈಬರಹ, ಒಂದೇ ಹಾಡು: 'ಕೋರುವವರು: ಗುಂಡಿ. ಯಾರಿಗಾಗಿ: ಕಾಜಾ.' ಮೊದಲು ಯಾರೋ ತಮಾಷೆ ಮಾಡುತ್ತಿದ್ದಾರೆಂದೇ ಎಣಿಸಿದ್ದೆ. "ಯಾವ ಗುಂಡಿ ಇದು, ರಸ್ತೆಯದಾ?" ಎಂದು ಪಕ್ಕದ ಮೇಜಿನವರು ನಗುತ್ತಿದ್ದರು. ಹಾಡಾದರೋ, ಸಾಯುತ್ತಿರುವ ಅಣ್ಣನೊಬ್ಬ ದೂರದ ತಂಗಿಯನ್ನು ಕರೆಯುವಂಥದ್ದು. ನಾಲ್ಕು ಚರಣ, ಪ್ರತಿ ಚರಣದ ಕೊನೆಗೊಂದು ಬಿಕ್ಕು, ಬಿಕ್ಕು ಸಾಲದೆಂಬಂತೆ ಹಿಂದಿನಿಂದ ಹತ್ತಾರು ಪಿಟೀಲುಗಳ ಆಕ್ರಂದನ. ಕಾವ್ಯದಲ್ಲಿ ಸಂಯಮವೇ ಪರಮಗುಣವೆಂದು ನಂಬಿದ್ದ ನನಗೆ ಆ ಅಣ್ಣ ಎರಡನೆಯ ಚರಣದಲ್ಲೇ ಹೋಗಿಬಿಡಬಾರದೇ ಎನ್ನಿಸುತ್ತಿತ್ತು.

ಮೂರನೆಯ ವರ್ಷ ಬೇಸತ್ತು, ಆ ಕಾರ್ಡನ್ನು ಐದು ವಾರ ಎತ್ತಿಟ್ಟುಬಿಟ್ಟೆ. ಆರನೆಯ ವಾರ ಅವರೇ ಬಂದರು. ಐವತ್ತರ ಆಸುಪಾಸು, ಗೋಡೆಯ ಮಗ್ಗುಲು ಹಿಡಿದು, ಯಾರ ದಾರಿಗೂ ಅಡ್ಡವಾಗಬಾರದೆಂಬಂತೆ ಗಿಡ್ಡ ಹೆಜ್ಜೆಯಿಡುವ ನಡಿಗೆ. ಯಾರೋ ಗಿರಾಕಿ ಹೊಲಿಯಲು ಕೊಟ್ಟು ಒಯ್ಯದೇ ಹೋದ ಬೂದುಬಣ್ಣದ ಗಂಡಸರ ಕೋಟು; ಅದಕ್ಕೆ ಉಳಿದುಬಳಿದ ಐದು ಗುಂಡಿಗಳು, ಐದೂ ಬೇರೆ ಬೇರೆ ಬಣ್ಣ. ಕೂರಲು ಹೇಳಿದರೂ ಕೂರಲಿಲ್ಲ.

"ಆ ಹಾಡಿನ ತಟ್ಟೆ ಏನಾದ್ರೂ ಒಡೆದುಹೋಯ್ತಾ ಸಾರ್?"

"ಇಲ್ಲಮ್ಮ. ಒಂದೇ ಹಾಡು ಕೇಳಿ ಕೇಳಿ ಜನಕ್ಕೆ ಬೇಜಾರಾಗುತ್ತೆ. ನಿಮಗೆ ಅಷ್ಟೊಂದು ಇಷ್ಟಾನಾ ಅದು?"

"ಹಾಗಲ್ಲ ನೋಡಿ," ಎಂದರು. ಹೌದೆನ್ನುವಾಗಲೂ ಮಾತು ಶುರುವಾಗುತ್ತಿದ್ದುದು ಹಾಗೆಯೇ. "ನನಗೇನೂ ಅಷ್ಟು ಇಷ್ಟ ಇಲ್ಲ. ಅವಳಿಗೆ ಇಷ್ಟ. ನನಗೆ ಅಳು ಬರುತ್ತೆ, ಅಷ್ಟೇ."

ಅವಳೆಂದರೆ ತಂಗಿ. ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನೇಳು, ತಂಗಿಗೆ ನಾಲ್ಕು. ಅಕ್ಕ ದರ್ಜಿಯೊಬ್ಬರ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿ, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬೆಳೆಸಿದರು. ತಂಗಿ ದೊಡ್ಡವಳಾಗಿ ಅದೇ ಮೇಜಿನಲ್ಲಿ ಗುಂಡಿ ತೂರುವ ಕಾಜಾ ಹೊಲಿಯತೊಡಗಿದಾಗ ದರ್ಜಿಯೇ ಇಬ್ಬರಿಗೂ ಈ ಹೆಸರಿಟ್ಟಿದ್ದು. ಮಧ್ಯಾಹ್ನ ಅಂಗಡಿಯ ರೇಡಿಯೋದಲ್ಲಿ ಈ ಹಾಡು ಬಂದರೆ ಇಬ್ಬರೂ ಒಟ್ಟಿಗೆ ಅಳುವುದು, ಅತ್ತು ಮುಗಿಸಿ ಒಬ್ಬರ ಮೂಗನ್ನೊಬ್ಬರು ನೋಡಿ ನಗುವುದು. ಇಪ್ಪತ್ತೆರಡರಲ್ಲಿ ತಂಗಿ, ಒಂದು ಮಗುವಿದ್ದ ವಿಧುರನನ್ನು ಮದುವೆಯಾಗುತ್ತೇನೆಂದಳು. ಅಕ್ಕ ಬೇಡವೆಂದರು. ಮಾತಿಗೆ ಮಾತು ಬೆಳೆಯಿತು.

"ಈ ಹೊಸ್ತಿಲು ದಾಟಿದ್ರೆ ನನ್ನ ಪಾಲಿಗೆ ನೀನು ಇಲ್ಲ ಅಂದೆ ಸಾರ್. ಸಿಟ್ಟಲ್ಲಿ ಅಂದಿದ್ದು. ಅವಳು ಚಿಕ್ಕಂದಿನಿಂದ ನಾನು ಹೇಳಿದ್ದೆಲ್ಲ ಕೇಳೋಳು. ಅದನ್ನೂ ಕೇಳಿಬಿಟ್ಟಳು."

ಹನ್ನೊಂದು ವರ್ಷವಾಗಿತ್ತು. ಯಾವ ಊರೆಂದು ಗೊತ್ತಿಲ್ಲ. ಆದರೆ ಎಲ್ಲಿದ್ದರೂ ಮಧ್ಯಾಹ್ನ ರೇಡಿಯೋ ಹಾಕದೆ ಅವಳು ಇರಲಾರಳು ಎಂಬುದೊಂದೇ ಅವರ ಭರವಸೆ. ಮುಂದಿನ ವಾರದಿಂದ ಹಾಡು ಮತ್ತೆ ಹೋಗತೊಡಗಿತು. ಮೇಲಿನವರು ಕೇಳಿದರೆ ಜನರ ಒತ್ತಾಯವೆಂದು ಹೇಳುತ್ತಿದ್ದೆ.

ಆಮೇಲೆ ನಾನು ಆಗಾಗ ಅಂಗಡಿಗೆ ಹೋಗುವುದು ರೂಢಿಯಾಯಿತು. ಇಕ್ಕಟ್ಟಾದ ಕೋಣೆ; ಕಿಟಕಿಯ ಕೆಳಗೆ ಉದ್ದನೆಯ ಮೇಜು, ಎರಡು ಸ್ಟೂಲು. ಖಾಲಿ ಸ್ಟೂಲಿನ ಮೇಲೆ ಬಟ್ಟೆಯ ಗಂಟು ಇಟ್ಟವರನ್ನು ಗುಂಡಿಯಕ್ಕ ಏನೂ ಅನ್ನುತ್ತಿರಲಿಲ್ಲ. ಅವರು ಆಚೆ ಹೋದಮೇಲೆ ಗಂಟನ್ನು ಎತ್ತಿ ನೆಲಕ್ಕಿಡುತ್ತಿದ್ದರು. ಕಾಜಾ ಹೊಲಿಯಲು ದರ್ಜಿ ಯಂತ್ರ ತಂದಿದ್ದರು. "ಯಂತ್ರದ ಕಾಜಾ ನಾಲ್ಕು ಒಗೆತಕ್ಕೆ ಬಾಯಿ ಬಿಡುತ್ತೆ" ಎಂಬುದು ಗುಂಡಿಯಕ್ಕ ಅದರ ಮೇಲೆ ಹೊರಿಸಿದ್ದ, ಎಂದೂ ಹಿಂತೆಗೆದುಕೊಳ್ಳದ ಆಪಾದನೆ.

ಮರುವರ್ಷ ಒಂದು ಬೆಳಿಗ್ಗೆ ಬಂದ ಕಾರ್ಡುಗಳ ನಡುವೆ ಅದೊಂದಿತ್ತು. ವಿಳಾಸವಿಲ್ಲ, ಅಂಚೆಮುದ್ರೆ ಮಸಿ ಕಲಸಿ ಓದಲಾಗದಂತಿತ್ತು. ಮೂರೇ ಸಾಲು: 'ಗುಂಡಿಯವರು ಕೇಳುವ ಹಾಡನ್ನು ದಯವಿಟ್ಟು ಹನ್ನೆರಡೂವರೆಗೆ ಹಾಕಬೇಡಿ. ಒಲೆಯ ಮೇಲಿಟ್ಟದ್ದು ಸೀದುಹೋಗುತ್ತದೆ. ಮಕ್ಕಳು ಕೇಳುತ್ತಾರೆ, ಯಾಕಮ್ಮಾ ಅಂತ.'

ಕಾರ್ಯಕ್ರಮವನ್ನು ಬೇರೆಯವರ ಕೈಗೊಪ್ಪಿಸಿ ಅಂಗಡಿಗೆ ಓಡಿದೆ. ಗುಂಡಿಯಕ್ಕ ಕಾರ್ಡನ್ನು ಎರಡು ಸಲ ಓದಿದರು. ಗದ್ದ ಮೇಲೇಳುತ್ತದೆಂದು ಕಾದೆ, ಏಳಲಿಲ್ಲ. "ಮಕ್ಕಳು ಅಂತ ಬರೆದಿದಾಳೆ," ಎಂದರು. "ಒಂದಲ್ಲ ಅಂದ್ರೆ." ಕಾರ್ಡನ್ನು ಕೋಟಿನ ಒಳಜೇಬಿಗೆ ಸೇರಿಸುತ್ತ ಕೇಳಿದರು: "ಹಾಗಲ್ಲ ನೋಡಿ ಸಾರ್, ಅಡುಗೆ ಮುಗಿಯೋ ಹೊತ್ತಿಗೆ ಹಾಕೋಕಾಗುತ್ತಾ?"

ಅಂದಿನಿಂದ ಆ ಹಾಡು ಕಾರ್ಯಕ್ರಮದ ಕೊನೆಗೆ, ಒಂದಕ್ಕೆ ಆರು ನಿಮಿಷವಿರುವಾಗ ಹೋಗತೊಡಗಿತು. ತಂಗಿಯಿಂದ ಮತ್ತೆ ಕಾರ್ಡು ಬರಲಿಲ್ಲ. ನನಗೆ ಕಳವಳವಾಗುತ್ತಿತ್ತು, ಅವರಿಗೆ ಆಗಲಿಲ್ಲ. "ಬರೆದಿಲ್ಲ ಅಂದ್ರೆ ಈಗ ಏನೂ ಸೀಯ್ತಾ ಇಲ್ಲ ಅಂತ ಅರ್ಥ" ಎನ್ನುತ್ತಿದ್ದರು. ಹೀಗೇ ನಾಲ್ಕು ವರ್ಷ.

ಕೊನೆಗೆ ಕಾರ್ಯಕ್ರಮವನ್ನೇ ನಿಲ್ಲಿಸುವ ಆಜ್ಞೆ ಬಂತು. ಕಡೆಯ ದಿನಕ್ಕೆ ಏನಾದರೂ ಸೇರಿಸಿ ಹೇಳಲೇ ಎಂದು ಕೇಳಲು ಹೋದೆ. ಹೆಸರಿನ ಹೊರತು ಖಾಸಗಿ ಸಂದೇಶ ಓದುವುದಕ್ಕೆ ನಿಷೇಧವಿತ್ತು; ಮುಳುಗುವ ಹಡಗಿನಲ್ಲಿ ನಿಯಮ ನೋಡುವವರು ಯಾರು? 'ಕ್ಷಮಿಸು' ಎಂದೋ 'ಬಾ' ಎಂದೋ ಹೇಳಿಸುತ್ತಾರೆಂದು ನಾನೆಣಿಸಿದ್ದೆ. ಅವರು ಕೈಯಲ್ಲಿದ್ದ ಗುಂಡಿಯನ್ನು ಹಚ್ಚಿ ಮುಗಿಸಿ ದಾರ ಕಡಿದರು.

"ಅಂಗಡಿ ಅದೇ ಜಾಗದಲ್ಲೇ ಇದೆ ಅಂತ ಹೇಳಿ ಸಾರ್."

ಹೇಳಿದೆ. ನನ್ನ ಬಾಯಲ್ಲಿ ಆ ವಾಕ್ಯ ಹಾಡಿನ ಬಿಕ್ಕಿಗಿಂತ ಕೆಟ್ಟದಾಗಿ ಒಡೆಯಿತೆಂದು ಪಕ್ಕದ ಮೇಜಿನವರು ಬಹುಕಾಲ ನನ್ನನ್ನು ಆಡಿಕೊಂಡರು.

ತಂಗಿ ಬರಲಿಲ್ಲ, ನಾನು ಆ ಊರಲ್ಲಿರುವವರೆಗಂತೂ ಬರಲಿಲ್ಲ. ವರ್ಗವಾಗಿ ಹೊರಟಾಗ ಹೇಳಿಹೋಗಲು ಹೋದೆ. ಸಮಾಧಾನದ ಮಾತೊಂದನ್ನು ತಡವರಿಸುತ್ತಿದ್ದ ನನ್ನನ್ನು ಅವರೇ ಸಮಾಧಾನ ಮಾಡಿದರು: "ಹಾಗಲ್ಲ ನೋಡಿ ಸಾರ್. ಕೇಳಿದಾಳೆ. ಬರೋದು ಬೇರೆ ವಿಷಯ."

ಇಂಥ ಹಾಡುಗಳನ್ನು ಬರೆಯುವವರನ್ನು ನಾನು ಇಂದಿಗೂ ಕವಿಗಳೆನ್ನಲಾರೆ. ಆದರೆ ಅವುಗಳನ್ನು ಕೇಳುವವರನ್ನು ಕುರಿತು ನಗುವುದನ್ನು ಬಿಟ್ಟಿದ್ದೇನೆ. ಸಿಟ್ಟಿನಲ್ಲಿ ಏಳು ಶಬ್ದ ಸಲೀಸಾಗಿ ಆಡಿ, ಅವನ್ನು ಹಿಂದಕ್ಕೆ ಪಡೆಯಲು ಒಂದೂ ಶಬ್ದ ಸಿಗದೆ ಉಳಿದ ಜನ ಎಲ್ಲ ಊರುಗಳಲ್ಲೂ ಇದ್ದಾರೆ. ಅವರು ಬೀದಿಯಲ್ಲಿ ಗೋಡೆಯ ಮಗ್ಗುಲಿಗೆ ನಡೆಯುತ್ತಾರೆ, ಕೆಲಸದಲ್ಲಿ ತಪ್ಪು ಮಾಡುವುದಿಲ್ಲ, ಮತ್ತು ಯಾರೋ ಕೂಲಿಗೆ ಕಟ್ಟಿದ ಅಗ್ಗದ ಅಳುವನ್ನು ಎರವಲು ಪಡೆದು ಅದರೊಳಗೆ ತಮ್ಮದನ್ನು ಸುತ್ತಿ ಕಳಿಸುತ್ತಾರೆ. ನನ್ನ ಕಪಾಟಿನಲ್ಲಿ ಸಂಯಮದ ಉತ್ತಮ ಕವಿತೆಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದನ್ನೂ ನಾನು ಯಾರ ಅಡುಗೆಮನೆಗೂ ತಲುಪಿಸಿದವನಲ್ಲ.